ಬಾಳೆಲೆಯ ಮನೆಗೆ ಒಪ್ಪುವ ಮೇಲ್ಮೈ, ಚಿತ್ತಾರ: ಒಂಬತ್ತು ಸೂತ್ರಗಳು

ಕೊಡಗಿನ ಬಾಳೆಲೆ, ನಿಟ್ಟೂರು, ಕಾನೂರಿನ ಆಸುಪಾಸಿನಲ್ಲಿ ಹೊಸ ಮನೆಗಳು, ಹೋಂಸ್ಟೇಗಳು ಏಳುತ್ತಿವೆ. ಹೊರಗೆ ಕಾಫಿ ತೋಟ, ಒಳಗೆ ಕಾಲಿಟ್ಟರೆ ಬೆಂಗಳೂರಿನ ಫ್ಲ್ಯಾಟ್. ಭಾಗಮಂಡಲದಷ್ಟು ಸುರಿಯದಿದ್ದರೂ ಇಲ್ಲಿನ ಮಳೆಗಾಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳುಗಟ್ಟಲೆ ಥಂಡಿ ಹಿಡಿಸುತ್ತದೆ. ತೋಟದ ಮರಗಳು ಹಗಲಿನ ಬೆಳಕನ್ನು ಅರ್ಧ ಕುಡಿದುಬಿಡುತ್ತವೆ. ಗೋಡೆ, ನೆಲ, ಬಟ್ಟೆ ಆರಿಸುವಾಗ ಮಳೆಗೂ ನೆರಳಿಗೂ ಮೊದಲ ಮಾತು ಕೊಡಬೇಕು.

1. ಮೊದಲು ಒಂದು ಐನ್‌ಮನೆ, ಅಂದರೆ ಕೊಡವ ಮನೆತನದ ಮೂಲಮನೆ, ನೋಡಿ ಬನ್ನಿ. ಕ್ಯಾಟಲಾಗ್ ಆಮೇಲೆ. ಹಳೆಯ ಐನ್‌ಮನೆಯಲ್ಲಿ ಕೆತ್ತನೆ ಎಲ್ಲೆಡೆ ಇರುವುದಿಲ್ಲ. ಕೈಯಾಲೆಯ (ಮುಂಜಗಲಿಯ) ಕಂಬ, ಬಾಗಿಲವಾಡ, ಕಿಟಕಿಯ ಚೌಕಟ್ಟು, ಇಷ್ಟಕ್ಕೇ ಆಚಾರಿಯ ಉಳಿ ನಿಂತಿರುತ್ತದೆ. ಉಳಿದ ಗೋಡೆ ಸುಣ್ಣ ಬಳಿದ ಬಿಳಿ. ಆ ಬಿಳಿ ಇರುವುದರಿಂದಲೇ ಕೆತ್ತನೆ ಕಣ್ಣಿಗೆ ಬೀಳುತ್ತದೆ. ಕಂಬಗಳ ನಡುವೆ ಕೂರಲು ಹಾಕಿದ ಹಲಗೆ, ಐಮರದ ಮೇಲೆ ಒಮ್ಮೆ ಅಂಗೈ ಆಡಿಸಿ: ತಲೆಮಾರುಗಳ ಹಿರಿಯರು ಕೂತು ಎದ್ದು ಬಂದ ನುಣುಪು ಅದು, ಯಾವ ಪಾಲಿಶ್‌ನಿಂದಲೂ ಬಾರದ್ದು. ನಿಮ್ಮ ಮನೆಯಲ್ಲೂ ಹಜಾರಕ್ಕೊಂದು ಕೆತ್ತನೆಯ ತುಂಡು ಸಾಕು; ಸುತ್ತ ಎರಡು ಗೋಡೆ ಖಾಲಿ ಬಿಡಿ. ಇನ್ನಷ್ಟು ನೋಡುವ ಮನಸ್ಸಿದ್ದರೆ ಕಕ್ಕಬ್ಬೆ ಬಳಿ 1792ರ ನಾಲ್ಕುನಾಡು ಅರಮನೆಯ ಮರದ ಕಂಬಗಳಿವೆ.

2. ಕಿಟಕಿಯೇ ಮನೆಯ ಅತಿ ದೊಡ್ಡ ಚಿತ್ತಾರ. ಹೊರಗೆ ಕಾಫಿ ಎಲೆ, ಮೆಣಸಿನ ಬಳ್ಳಿ, ಸಿಲ್ವರ್ ಓಕ್‌ನ ಸೀಳೆಲೆ; ಹೂಮಳೆ ಬಿದ್ದ ಮೇಲೆ ಸಾಲುಸಾಲು ಬಿಳಿ ಹೂ. ಇಷ್ಟಿರುವಾಗ ಎಲೆ ಅಚ್ಚಿನ ಪರದೆ ತೂಗುಹಾಕಿದರೆ ಎರಡೂ ಕೆಡುತ್ತವೆ. ತೋಟದ ಕಡೆಯ ಕಿಟಕಿಗೆ ಒಂದೇ ಬಣ್ಣದ, ನೇಯ್ಗೆ ಕಾಣುವ ತೆಳು ಹತ್ತಿ ಬಟ್ಟೆ ಹಾಕಿ. ಅಂಚಿಗೊಂದು ಪಟ್ಟೆ ಇದ್ದರೆ ಸರಿ.

3. ಒರಟು ಗೋಡೆಗೆ ಓರೆ ಬೆಳಕು ಬೇಕು. ಕಲ್ಲಿನ ಗೋಡೆಯೋ ಕೈಗಾರೆಯ ಗೋಡೆಯೋ, ನೇರ ಎದುರಿನಿಂದ ಟ್ಯೂಬ್‌ಲೈಟ್ ಬಿದ್ದರೆ ಚಪ್ಪಟೆಯಾಗಿ ಕಾಣುತ್ತದೆ. ಉಬ್ಬು ತಗ್ಗಿನ ನೆರಳು ಮೂಡಬೇಕಾದರೆ ದೀಪ ಗೋಡೆಗೆ ಹತ್ತಿರ, ಮೇಲಿನಿಂದ ಅಥವಾ ಪಕ್ಕದಿಂದ ಬರಬೇಕು. ಗಾರೆಯವರ ಕೈ ಅಷ್ಟು ಚೆನ್ನಾಗಿಲ್ಲದಿದ್ದರೆ ಓರೆ ದೀಪ ಬೇಡವೇ ಬೇಡ. ಪ್ರತಿ ಡೊಂಕನ್ನೂ ಅದು ತೋರಿಸಿಬಿಡುತ್ತದೆ.

4. ಗೋಡೆಗೆ ಉಸಿರಾಡಲು ಬಿಡಿ. ಇದನ್ನು ಒತ್ತಿ ಹೇಳುತ್ತೇನೆ. ಈಗ ಎಲ್ಲರೂ ಕೇಳುವುದು ಉಬ್ಬುತಗ್ಗಿನ ಟೆಕ್ಸ್ಚರ್ ಪೇಂಟ್. ಒದ್ದೆ ಏರುವ ಗೋಡೆಗೆ ಅದನ್ನು ದಪ್ಪಗೆ ಬಳಿದರೆ ಒಳಗಿನ ನೀರು ಹೊರಬರಲು ದಾರಿ ಸಿಗದೆ ಬಣ್ಣ ಗುಳ್ಳೆ ಎದ್ದು ಕಳಚುತ್ತದೆ. ತಗ್ಗುಗಳಲ್ಲಿ ದೂಳು ಕೂರುತ್ತದೆ, ದೂಳಿನ ಮೇಲೆ ಬೂಷ್ಟು ಹಿಡಿಯುತ್ತದೆ. ಸುಣ್ಣದ ಗಾರೆ, ಸುಣ್ಣದ ಬಣ್ಣ ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಡುತ್ತವೆ; ಸುಣ್ಣದ ಕ್ಷಾರಗುಣಕ್ಕೆ ಬೂಷ್ಟೂ ಬೇಗ ಹತ್ತದು. ಕುಂಚದ ಗೀರು ಕಾಣುವ ಸುಣ್ಣದ ಗೋಡೆಗಿಂತ ಒಳ್ಳೆಯ ಮೇಲ್ಮೈ ಈ ಸೀಮೆಗೆ ನನಗೆ ಕಂಡಿಲ್ಲ. ಟೆಕ್ಸ್ಚರ್ ಬೇಕೇ ಬೇಕೆಂದರೆ ಮಳೆಯ ಹೊಡೆತ ಬೀಳದ ಒಳಗಿನ ಒಂದು ಗೋಡೆಗೆ ಸಾಕು ಮಾಡಿ.

5. ಮೇಲೆ ನೋಡಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಲೆನಾಡಿನ, ಕೊಡಗಿನ ಮಾಡುಗಳ ಚಹರೆಯೇ ಬದಲಾಯಿತು. ಸಾಲು ಹೆಂಚು, ಅದರಡಿ ರೀಪು, ಪಕಾಸಿ: ಇಷ್ಟು ಲಯಬದ್ಧ ಚಿತ್ತಾರ ತಲೆಯ ಮೇಲಿರುವಾಗ ಜಿಪ್ಸಮ್ ಹಾಳೆ ಬಡಿದು ಮುಚ್ಚುವುದು ನಷ್ಟ.

6. ತೋಟದ ಮರವನ್ನೇ ಒಳಗೆ ತನ್ನಿ. ನೆರಳಿಗೆ, ಮೆಣಸು ಹಬ್ಬಿಸಲು ಬೆಳೆಸಿದ ಸಿಲ್ವರ್ ಓಕ್ ಅನ್ನು ಪ್ಲೈವುಡ್ಡಿಗೆ ಮಾರಿ ಮುಗಿಸುವವರೇ ಹೆಚ್ಚು. ದಿಮ್ಮಿಯನ್ನು ತಿರುಳಿನಿಂದ ತೊಗಟೆಯ ಕಡೆಗೆ ಸೀಳುವಂತೆ ಕೊಯ್ಯಿಸಿ ನೋಡಿ: ಹಲಗೆಯ ಮೇಲೆ ಜಾಲರಿಯಂಥ ಹೊಳಪಿನ ಚುಕ್ಕೆಗಳು ಏಳುತ್ತವೆ. ಕಪಾಟಿನ ಬಾಗಿಲಿಗೆ ಬಹಳ ಚೆಂದ. ಮುದಿ ಕಾಫಿ ಗಿಡ ಕಿತ್ತಾಗ ಬುಡವನ್ನು ಸೌದೆಗೆ ಹಾಕಬೇಡಿ. ತೊಗಟೆ ಸುಲಿದು, ನೆರಳಲ್ಲಿ ಚೆನ್ನಾಗಿ ಒಣಗಿಸಿ, ಉಜ್ಜಿದರೆ ಗಾಜಿನ ಟೀಪಾಯಿಗೆ ಕಾಲಾಗುತ್ತದೆ. ಇಂಥ ತಿರುಚು ಮುರುಚಿನ ವಸ್ತು ಕೋಣೆಗೆ ಒಂದೇ ಇರಲಿ. ಬಿದಿರು ಬಳಸುವುದಾದರೆ ಬೋರಾಕ್ಸ್, ಬೋರಿಕ್ ಆಮ್ಲದ ನೀರಿನಲ್ಲಿ ನೆನೆಸಿದ್ದನ್ನೇ ಕೇಳಿ ಪಡೆಯಿರಿ. ಇಲ್ಲದಿದ್ದರೆ ಹುಳು ಕೊರೆದ ಪುಡಿ ನೆಲದ ಮೇಲೆ ಉದುರುತ್ತಿರುತ್ತದೆ.

7. ಚಿತ್ತಾರದ ಅಳತೆ ಮೂರು ಬಗೆ ಇರಲಿ: ದೊಡ್ಡದೊಂದು, ನಡುವಿನದೊಂದು, ಸಣ್ಣದೊಂದು. ಮೂರೂ ಒಂದೇ ಗಾತ್ರವಾದರೆ ಕಣ್ಣಿಗೆ ಜಗಳ. ನಮ್ಮ ರಾಜ್ಯದಲ್ಲೇ ಮೂರಕ್ಕೂ ಸರಕಿದೆ. ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನದ ಪಗಡೆ ಹಾಸು, ನವಿಲು ದೊಡ್ಡ ಚಿತ್ತಾರ, ಅದು ನೆಲಕ್ಕಿರಲಿ. ದಿಂಬಿಗೆ ಚೌಕಳಿ ಬಟ್ಟೆ. ಸಣ್ಣದಕ್ಕೆ ಗುಳೇದಗುಡ್ಡದ ಖಣ, ಇಲ್ಲವೇ ಧಾರವಾಡದ ಕಸೂತಿ. ಗಂಟು ಹಾಕದೆ, ಎಳೆ ಎಣಿಸಿ ಹಾಕುವ ಈ ಕಸೂತಿಯನ್ನು ಹತ್ತಿರ ಕೂತು ನೋಡಬೇಕು. ಹಾಗಾಗಿ ಕುರ್ಚಿಯ ಪಕ್ಕದ ಗೋಡೆಗೆ, ಕಣ್ಣಿನ ಮಟ್ಟಕ್ಕೆ ಚೌಕಟ್ಟು ಹಾಕಿಸಿ. ಮೂರಕ್ಕೂ ಒಂದು ಬಣ್ಣ ಸಮಾನವಾಗಿದ್ದರೆ ಸಾಕು, ಉಳಿದದ್ದು ಹೊಂದಿಕೊಳ್ಳುತ್ತದೆ.

8. ನೆಲಕ್ಕೆ ರೆಡ್ ಆಕ್ಸೈಡ್ ಬಿಟ್ಟುಕೊಡಬೇಡಿ. ಕೆಂಪು ಮಧ್ಯ, ಕಪ್ಪು ಅಂಚು. ಸಂದಿಲ್ಲದ ಆ ನೆಲ ವರ್ಷ ಕಳೆದಂತೆ ಹೊಳಪೇರುತ್ತದೆ. ಕೆಲಸ ಬಲ್ಲ ಮೇಸ್ತ್ರಿಯನ್ನೇ ಹುಡುಕಿ, ನೀರು ಹಾಯಿಸಿ ನಿಧಾನ ಒಣಗಿಸಿ. ಅವಸರ ಮಾಡಿದರೆ ಬಿರುಕು ಖಂಡಿತ. ಹೊಸ್ತಿಲ ಬಳಿ, ಬಚ್ಚಲ ದಾರಿಯಲ್ಲಿ ಮಾತ್ರ ಒರಟು ಕಲ್ಲು ಹಾಸಿ. ಒದ್ದೆ ಕಾಲಿನಲ್ಲಿ ಬರುವ ಹಿರಿಯರು ಜಾರಬಾರದು.

9. ಮನೆತನದ ಬಟ್ಟೆಯನ್ನು ಕತ್ತರಿಸಬೇಡಿ. ಹಳೆಯ ಚೇಲೆಯನ್ನು ದಿಂಬಿನ ಕವರ್ ಮಾಡಿಸಿದ್ದನ್ನು ಕಂಡು ಸಂಕಟಪಟ್ಟಿದ್ದೇನೆ. ಕೊಡವ ಗಂಡಸರ ನಿಲುವಂಗಿ ಕುಪ್ಯದ ಮೇಲೆ ಸೊಂಟಕ್ಕೆ ಸುತ್ತುವ ಆ ಕೆಂಪು ರೇಷ್ಮೆ ಮದುವೆಗೆ, ಸುಗ್ಗಿಹಬ್ಬ ಪುತ್ತರಿಗೆ ಹೊರಬರಬೇಕಾದದ್ದು. ತೋರಿಸಲೇಬೇಕೆಂದರೆ ಚೌಕಟ್ಟಿನೊಳಗೆ ಇಡೀ ಬಟ್ಟೆಯನ್ನೇ ಮಡಿಸಿಡಿ, ಗಾಜಿಗೆ ತಾಗದಂತೆ, ಬಿಸಿಲು ಬೀಳದ ಒಳಗೋಡೆಗೆ. ಚೌಕಟ್ಟಿನ ಹಿಂದೆ ಮರದ ಸಣ್ಣ ತುಂಡು ಕೊಟ್ಟು ಗೋಡೆಯಿಂದ ಬೆರಳಗಲ ದೂರ ನಿಲ್ಲಿಸಿದರೆ ಗಾಳಿಯಾಡುತ್ತದೆ. ಮಳೆಗಾಲ ಮುಗಿದ ಕೂಡಲೇ ಬಿಚ್ಚಿ, ನೆರಳಿನಲ್ಲಿ ಹರವಿ, ಮಡಿಕೆ ಬದಲಿಸಿ ಮತ್ತೆ ಇಡಿ.