ಪಟ್ಟಿಯಲ್ಲಿ ಹೆಸರು: ಮತದಾನ ಹೆಚ್ಚಿಸುವಲ್ಲಿ ಸಮಾಜ ಸೇವಕರ ಪಾತ್ರ



ಭಾರತ ಪ್ರಪಂಚದ ಅತಿ ದೊಡ್ಡ ಪ್ರಜಾಪ್ರಭುತ್ವ ರಾಷ್ಟ್ರ, ಹದಿನೆಂಟು ವರ್ಷ ತುಂಬಿದ ಪ್ರತಿಯೊಬ್ಬ ಪ್ರಜೆಗೂ ಮತ ಹಾಕುವ ಹಕ್ಕಿದೆ ಎಂದು ಸಮಾಜ ವಿಜ್ಞಾನದ ಪಾಠದಲ್ಲಿ ನಾವೆಲ್ಲ ಓದಿದ್ದೇವೆ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ಸಿಗುತ್ತೆ. ಆದರೆ ಹಕ್ಕು ಇರೋದು ಬೇರೆ, ಅದು ಕೈಗೆ ಸಿಗೋದು ಬೇರೆ. ಇವೆರಡರ ನಡುವೆ ಒಂದು ಕಾಗದ ಇದೆ. ಅದೇ ಮತದಾರರ ಪಟ್ಟಿ. ಅದರಲ್ಲಿ ಹೆಸರು ಇದ್ದರೆ ಮಾತ್ರ ಬೆರಳಿಗೆ ಮೈಸೂರಿನ ಶಾಯಿ ಬೀಳುತ್ತೆ. ಸಮಾಜ ಸೇವಕರ ನಿಜವಾದ ಕೆಲಸ ಈ ಪಟ್ಟಿಯಿಂದಲೇ ಶುರುವಾಗುತ್ತೆ ಅಂತ ನನಗೆ ಅನ್ನಿಸಿದೆ. ಅದು ಹೇಗೆ ಅನ್ನೋದನ್ನು ನಾನು ತಿಳಿದುಕೊಂಡ ಮಟ್ಟಿಗೆ ಇಲ್ಲಿ ಬರೆದಿದ್ದೇನೆ.

1. ಹಕ್ಕು ಬಂದ ದಾರಿ

ನಮ್ಮ ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲಕ್ಕೆ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಹೆಸರು ಪ್ರಜಾಪ್ರತಿನಿಧಿ ಅಂತಿದ್ದರೂ ಅಲ್ಲಿಗೆ ಹೋಗುತ್ತಿದ್ದವರು ಜಮೀನುದಾರರು, ವ್ಯಾಪಾರಸ್ಥರು. ಕೂಲಿಯವರಿಗೂ ಹೆಂಗಸರಿಗೂ ಅಲ್ಲಿ ಜಾಗ ಇರಲಿಲ್ಲ.

ಮಂಗಳೂರು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯದಲ್ಲಿ 1921ರಲ್ಲಿ ಆಸ್ತಿ ಉಳ್ಳ ಹೆಂಗಸರಿಗೆ ಮತ ಹಾಕುವ ಹಕ್ಕು ಸಿಕ್ಕಿತು. 1926ರಲ್ಲಿ ಚುನಾವಣೆಗೆ ನಿಲ್ಲೋದಕ್ಕೂ ದಾರಿ ತೆರೆಯಿತು. ಆಗ ಮಾರ್ಗರೆಟ್ ಕಸಿನ್ಸ್ ಎಂಬ ಐರ್ಲೆಂಡಿನ ಸಮಾಜ ಸೇವಕಿ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅವರನ್ನು ನಿಲ್ಲುವಂತೆ ಒತ್ತಾಯ ಮಾಡಿದರು. ಕಮಲಾದೇವಿಯವರಿಗೆ ಆಗ 23 ವರ್ಷ. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಅತಿ ಕಡಿಮೆ ಮತಗಳ ಅಂತರದಲ್ಲಿ ಅವರು ಸೋತರು. ಸೋತರೂ ಹೆಂಗಸರು ಚುನಾವಣೆಗೆ ನಿಲ್ಲಬಹುದು ಅನ್ನೋದನ್ನು ಜನ ಕಣ್ಣಾರೆ ಕಂಡರು. ಮುಂದೆ ನಿರಾಶ್ರಿತರಿಗಾಗಿ, ಕರಕುಶಲ ಕೆಲಸಗಾರರಿಗಾಗಿ ಅವರು ಜೀವನವಿಡೀ ದುಡಿದರು.

ಎಲ್ಲ ವಯಸ್ಕರಿಗೂ ಮತ ಬೇಕು ಅಂತ ಗಟ್ಟಿಯಾಗಿ ಕೇಳಿದವರು ಡಾ. ಬಿ.ಆರ್. ಅಂಬೇಡ್ಕರ್. 1919ರಲ್ಲಿ ಸೌತ್‌ಬರೋ ಸಮಿತಿ ಮುಂದೆ, ಆಮೇಲೆ 1928ರಲ್ಲಿ ಸೈಮನ್ ಆಯೋಗದ ಮುಂದೆ ಅವರು ದಲಿತರ ಮತದ ಹಕ್ಕಿಗಾಗಿ ವಾದ ಮಾಡಿದರು. ಕೊನೆಗೆ ನಮ್ಮ ಸಂವಿಧಾನದ 326ನೇ ವಿಧಿ ಜಾತಿ, ಆಸ್ತಿ, ಓದು, ಗಂಡು ಹೆಣ್ಣು ಯಾವುದನ್ನೂ ನೋಡದೆ 21 ವರ್ಷ ತುಂಬಿದವರಿಗೆಲ್ಲ ಮತ ಕೊಟ್ಟಿತು. 61ನೇ ತಿದ್ದುಪಡಿಯಿಂದ 1989ರ ಮಾರ್ಚ್ 28ರಂದು ಈ ವಯಸ್ಸು 18ಕ್ಕೆ ಇಳಿಯಿತು. ಹೀಗೆ ನಮಗೆ ಪುಕ್ಕಟೆ ಸಿಕ್ಕ ಹಾಗೆ ಕಾಣುವ ಈ ಹಕ್ಕಿನ ಹಿಂದೆ ಬಹಳ ಜನರ ಶ್ರಮ ಇದೆ.

2. ತಮ್ಮ ಹೆಸರು ಹೇಳದ 28 ಲಕ್ಷ ಹೆಂಗಸರು

ಮೊದಲ ಮಹಾಚುನಾವಣೆ 1951-52ರಲ್ಲಿ ನಡೆಯಿತು. 17 ಕೋಟಿಗೂ ಹೆಚ್ಚು ಮತದಾರರಿದ್ದರು. ಅವರಲ್ಲಿ ಹೆಚ್ಚಿನವರಿಗೆ ಓದು ಬರಹ ಬರುತ್ತಿರಲಿಲ್ಲ. ಅದಕ್ಕೇ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಚಿಹ್ನೆ ಕೊಟ್ಟು, ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ ಇಟ್ಟಿದ್ದರು.

ಪಟ್ಟಿ ಮಾಡೋಕೆ ಹೋದವರಿಗೆ ಒಂದು ದೊಡ್ಡ ತೊಡಕು ಎದುರಾಯಿತು. ನಮ್ಮ ಕಡೆ ಅಜ್ಜಿಯಂದಿರು ಗಂಡನ ಹೆಸರು ಹೇಳೋಕೆ ನಾಚಿಕೊಳ್ತಾರೆ, ಅಲ್ವಾ? ಬಿಹಾರ, ಉತ್ತರ ಪ್ರದೇಶ, ಮಧ್ಯಪ್ರದೇಶ, ರಾಜಸ್ಥಾನದ ಕಡೆ ಎಷ್ಟೋ ಹೆಂಗಸರು ತಮ್ಮ ಸ್ವಂತ ಹೆಸರನ್ನೇ ಹೊರಗಿನವರಿಗೆ ಹೇಳಲಿಲ್ಲ. "ಇಂಥವರ ಹೆಂಡತಿ", "ಇಂಥವರ ತಾಯಿ" ಅಂತಲೇ ಬರೆಸಿದರು. ಇಂಥವರ ಹೆಂಡತಿ ಅಂದರೆ ಯಾರು ಅಂತ ಮತಗಟ್ಟೆಯಲ್ಲಿ ಗುರುತಿಸೋದು ಹೇಗೆ? ಮೊದಲ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅವರು ಇದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಕೊಡದವರನ್ನು ಪಟ್ಟಿಯಿಂದ ಬಿಡಬೇಕಾಯಿತು. ಆಗ ದೇಶದಲ್ಲಿದ್ದ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ ಹೀಗೆ ಮತ ಕಳೆದುಕೊಂಡವರು ಸುಮಾರು 28 ಲಕ್ಷ.

ಕಾನೂನು ಅವರಿಗೆ ಹಕ್ಕು ಕೊಟ್ಟಿತ್ತು, ಸರ್ಕಾರ ಪೆಟ್ಟಿಗೆ ಇಟ್ಟಿತ್ತು. ಆದರೆ ಅವರ ಜಗಲಿ ಮೇಲೆ ಕೂತು "ಅಮ್ಮಾ, ನಿಮ್ಮ ಹೆಸರು ನೀವೇ ಹೇಳಿ, ಅದರಿಂದ ಏನೂ ಆಗಲ್ಲ" ಅಂತ ಸಮಾಧಾನವಾಗಿ ಹೇಳೋರು ಬೇಕಿತ್ತು. ಇದು ಕಾಗದದಿಂದ ಆಗೋ ಕೆಲಸ ಅಲ್ಲ. ನಂಬಿಕೆ ಇರುವ ಮನುಷ್ಯರಿಂದ ಆಗೋ ಕೆಲಸ. ಸಮಾಜ ಸೇವಕರು ಅಂದರೆ ಅಂಥವರು.

3. ರಾಯಭಾರಿಗೇ ಮತ ಇಲ್ಲ!

ಇದೆಲ್ಲ ಹಳೇ ಕಾಲದ ಕಥೆ, ಈಗ ಹಾಗಿಲ್ಲ ಅಂತ ಕೆಲವರು ಹೇಳಬಹುದು. ಅವರಿಗೆ 2019ರ ಒಂದು ಸಂಗತಿ ಹೇಳ್ತೀನಿ. ಕ್ರಿಕೆಟ್ ಆಟಗಾರ ರಾಹುಲ್ ದ್ರಾವಿಡ್ ಅವರು ಕರ್ನಾಟಕದಲ್ಲಿ ಮತದಾನ ಜಾಗೃತಿಯ ರಾಯಭಾರಿ ಆಗಿದ್ದರು. ಎಲ್ಲರೂ ಮತ ಹಾಕಿ ಅಂತ ಅವರ ಚಿತ್ರ ಇದ್ದ ಫಲಕಗಳು ಬೆಂಗಳೂರಿನಲ್ಲಿದ್ದವು. ಆದರೆ ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಅವರಿಗೇ ಮತ ಹಾಕೋಕೆ ಆಗಲಿಲ್ಲ. ಅವರು ಮನೆ ಬದಲಾಯಿಸಿದ್ದರು. ಹಳೇ ವಿಳಾಸದಿಂದ ಹೆಸರು ತೆಗೆಸಿದ್ದಾಗಿತ್ತು. ಹೊಸ ವಿಳಾಸದಲ್ಲಿ ಸೇರಿಸುವ ಅರ್ಜಿ ಸಮಯಕ್ಕೆ ಸರಿಯಾಗಿ ಹೋಗಿರಲಿಲ್ಲ.

ಇದರಿಂದ ಏನು ಗೊತ್ತಾಗುತ್ತೆ? ಜಾಗೃತಿ ಇದ್ದರೆ ಸಾಲದು. ಓದಿದವರು, ಹೆಸರುವಾಸಿಯಾದವರು, ಮನಸ್ಸು ಇದ್ದವರು ಕೂಡ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವಾಪಸ್ ಬರಬೇಕು. ಗುರುತಿನ ಚೀಟಿ ಜೇಬಿನಲ್ಲಿದ್ದರೂ ಅಷ್ಟೇ. ಪಟ್ಟಿಯಲ್ಲಿ ಹೆಸರಿದ್ದು ಚೀಟಿ ಕಳೆದುಹೋಗಿದ್ದರೆ, ಆಯೋಗ ಒಪ್ಪಿರುವ ಬೇರೆ ದಾಖಲೆ ತೋರಿಸಿ ಮತ ಹಾಕಬಹುದು. ಚೀಟಿ ಇದ್ದು ಹೆಸರಿಲ್ಲದಿದ್ದರೆ ಆಗಲ್ಲ. ನಾಮಪತ್ರ ಸಲ್ಲಿಸುವ ಕೊನೆ ದಿನ ದಾಟಿದ ಮೇಲೆ ಆ ಚುನಾವಣೆಗೆ ಹೊಸ ಹೆಸರು ಸೇರಿಸುವಂತಿಲ್ಲ. ಮತದಾನದ ದಿನ ಬೆಳಿಗ್ಗೆ ಹೋಗಿ ಜಗಳ ಆಡಿದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

4. ಶೇಕಡಾ ಲೆಕ್ಕದಲ್ಲಿ ಕಾಣದವರು

2024ರ ಏಪ್ರಿಲ್ 26ರಂದು ನಮ್ಮ ತುಮಕೂರು ಲೋಕಸಭಾ ಕ್ಷೇತ್ರದಲ್ಲಿ ಶೇಕಡಾ 78ರಷ್ಟು ಮತದಾನ ಆಯಿತು. ಅದೇ ದಿನ ಬೆಂಗಳೂರು ದಕ್ಷಿಣದಲ್ಲಿ ಆಗಿದ್ದು ಶೇಕಡಾ 53ರಷ್ಟು. ಹಳ್ಳಿಯವರು ನಾವೇ ವಾಸಿ ಅಂತ ಹೆಮ್ಮೆ ಪಡಬಹುದು. ಆದರೆ ಒಂದು ಲೆಕ್ಕ ನೋಡಿ.

ಒಂದು ಊರಿನಲ್ಲಿ 18 ದಾಟಿದವರು 100 ಜನ ಇದ್ದಾರೆ ಅಂದುಕೊಳ್ಳೋಣ. ಪಟ್ಟಿಯಲ್ಲಿರೋದು 85 ಹೆಸರು. ಮತ ಹಾಕಿದವರು 68 ಜನ. ಹಾಗಾದರೆ ಶೇಕಡಾವಾರು ಮತದಾನ ಎಷ್ಟು? 85ಕ್ಕೆ 68, ಅಂದರೆ ಶೇಕಡಾ 80. ಪೇಪರಿನಲ್ಲಿ 80 ಅಂತಲೇ ಬರುತ್ತೆ. ಆದರೆ ಊರಿನ ಲೆಕ್ಕದಲ್ಲಿ ಅದು 68 ಮಾತ್ರ. ಪಟ್ಟಿಯಲ್ಲಿದ್ದೂ ಬಾರದ 17 ಜನರನ್ನು ಎಲ್ಲರೂ ಸೋಮಾರಿಗಳು ಅಂತ ಬೈತಾರೆ. ಪಟ್ಟಿಯಲ್ಲೇ ಇಲ್ಲದ 15 ಜನ ಬೈಸಿಕೊಳ್ಳೋಕೂ ಸಿಗಲ್ಲ, ಯಾವ ಲೆಕ್ಕಕ್ಕೂ ಬರಲ್ಲ. ಸತ್ತವರ ಹೆಸರು, ಊರು ಬಿಟ್ಟವರ ಹೆಸರು ಪಟ್ಟಿಯಲ್ಲೇ ಉಳಿದಿದ್ದರೆ ಲೆಕ್ಕ ಇನ್ನೊಂದು ರೀತಿ ತಪ್ಪುತ್ತೆ. ಬೆಂಗಳೂರಿನಲ್ಲಿ 2001ರಲ್ಲಿ ಶುರುವಾದ ಜನಾಗ್ರಹ ಸಂಸ್ಥೆಯವರು ಪಟ್ಟಿ ಹಿಡಿದು ಮನೆ ಮನೆಗೆ ಹೋಗಿ ಇಂಥ ತಪ್ಪುಗಳನ್ನು ಪರಿಶೀಲಿಸಿದ್ದಾರೆ.

5. ನಮ್ಮ ಹೋಬಳಿಯಲ್ಲಿ ಯಾರು ಬಿಟ್ಟುಹೋಗ್ತಾರೆ?

ನಮ್ಮ ಸಿ.ಎಸ್. ಪುರದ ವಿಷಯ ಸ್ವಲ್ಪ ವಿಶೇಷ. ನಮ್ಮ ತಾಲ್ಲೂಕು ಗುಬ್ಬಿ. ಆದರೆ ವಿಧಾನಸಭೆಗೆ ನಮ್ಮ ಹೋಬಳಿ ತುರುವೇಕೆರೆ ಕ್ಷೇತ್ರಕ್ಕೆ ಸೇರುತ್ತೆ. ಲೋಕಸಭೆಗೆ ತುಮಕೂರು. ಪಕ್ಕದ ಕುಣಿಗಲ್ ನಮ್ಮ ಜಿಲ್ಲೆಯೇ ಆದರೂ ಲೋಕಸಭೆಗೆ ಅವರು ಬೆಂಗಳೂರು ಗ್ರಾಮಾಂತರಕ್ಕೆ ಮತ ಹಾಕ್ತಾರೆ. ನಾಲ್ಕೈದು ಮೈಲಿ ಆಚೆಯಿಂದ ಸೊಸೆ ತಂದರೂ ಆಕೆಯ ಎರಡು ಕ್ಷೇತ್ರವೂ ಬದಲಾಗಬಹುದು.

ನಮ್ಮ ಅತ್ತಿಗೆ ಕುಣಿಗಲ್ ಕಡೆಯವರು. ಮದುವೆಯಾಗಿ ಎರಡು ವರ್ಷ ಆಗಿ, ಮಗು ಹುಟ್ಟಿದರೂ ಅವರ ಹೆಸರು ತವರಿನ ಪಟ್ಟಿಯಲ್ಲೇ ಇತ್ತು. ಮಗುವಿನ ತೂಕ ನೋಡಿಸೋಕೆ ಹೋದಾಗ ಅಂಗನವಾಡಿ ಟೀಚರ್ ಕೇಳಿದರು: "ಏನಮ್ಮಾ, ನಿನ್ನ ಓಟು ಎಲ್ಲೈತೆ?"

"ತವರಲ್ಲೇ ಇರಬೇಕು ಮಿಸ್."

"ಮಗೂನ ಇಲ್ಲಿ ಬರೆಸ್ದೆ, ರೇಷನ್ ಕಾರ್ಡಿಗೆ ನಿನ್ನ ಇಲ್ಲಿ ಸೇರಿಸಿದ್ರು. ಓಟು ಮಾತ್ರ ಯಾಕೆ ಅಲ್ಲಿ? ಕುಡಿಯೋ ನೀರು ನಿನಗೆ ಬೇಕಾಗಿರೋದು ಇಲ್ಲಿ ತಾನೇ?"

ಅವರೇ ಕೂತು ನಮೂನೆ 8 ತುಂಬಿಸಿದರು. ಒಂದು ಪೈಸೆ ಖರ್ಚಾಗಲಿಲ್ಲ. ಈ ಒಂದು ಪ್ರಶ್ನೆ ಎರಡು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಹೀಗೆ ಬಿಟ್ಟುಹೋಗೋರು ಮುಖ್ಯವಾಗಿ ಇವರು:

ಅ) ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು.
ಆ) ಬೆಂಗಳೂರಿಗೆ ಗಾರ್ಮೆಂಟ್ಸ್, ಗಾರೆ ಕೆಲಸ, ಡ್ರೈವರ್ ಕೆಲಸಕ್ಕೆ ಹೋದವರು. ಇವರ ಹೆಸರು ಇಲ್ಲಿರುತ್ತೆ, ಮತದಾನದ ದಿನ ಬಸ್ಸಿಗೆ ದುಡ್ಡು, ರಜೆ ಎರಡೂ ಇರಲ್ಲ.
ಇ) ಹೊಸದಾಗಿ 18 ತುಂಬಿದವರು.
ಈ) ಎದ್ದು ಓಡಾಡಲಾರದ ವೃದ್ಧರು, ಅಂಗವಿಕಲರು.
ಉ) ಊರಿಂದೂರಿಗೆ ತಿರುಗುವ ಅಲೆಮಾರಿ ಕುಟುಂಬದವರು.

6. ಸಮಾಜ ಸೇವಕರು ಏನು ಮಾಡಬಹುದು?

ಸಮಾಜ ಸೇವಕರು ಅಂದರೆ ಖಾದಿ ಹಾಕಿಕೊಂಡು ವೇದಿಕೆ ಮೇಲೆ ಮಾತಾಡೋರು ಮಾತ್ರ ಅಂತ ತಿಳಿಯಬಾರದು. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದವರು, ಯುವಕ ಸಂಘದವರು, ನಿವೃತ್ತ ಮೇಷ್ಟ್ರು ಎಲ್ಲರೂ ಈ ಕೆಲಸ ಮಾಡಬಹುದು.

ಮೊದಲನೆಯದು, ಕರಡು ಪಟ್ಟಿ ಬಂದಾಗ ಅದನ್ನು ಊರಿನ ಅರಳಿಕಟ್ಟೆ ಮೇಲೆ ಕೂತು ಗಟ್ಟಿಯಾಗಿ ಓದಬೇಕು. ಯಾರು ಸತ್ತಿದ್ದಾರೆ, ಯಾರು ಬಂದಿದ್ದಾರೆ ಅನ್ನೋದು ಊರವರಿಗೆ ಗೊತ್ತಿರುವಷ್ಟು ಕಚೇರಿಗೆ ಗೊತ್ತಿರಲ್ಲ.

ಎರಡನೆಯದು, ಅರ್ಜಿ ತುಂಬಿಸಿಕೊಡಬೇಕು. ಹೊಸ ಹೆಸರಿಗೆ ನಮೂನೆ 6. ಹೆಸರು ತೆಗೆಯೋಕೆ ನಮೂನೆ 7. ವಿಳಾಸ ಬದಲಾವಣೆಗೆ, ತಪ್ಪು ತಿದ್ದೋಕೆ ನಮೂನೆ 8. ಮೊದಲು ವರ್ಷಕ್ಕೆ ಜನವರಿ 1 ಒಂದೇ ಅರ್ಹತಾ ದಿನ ಆಗಿತ್ತು. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ ನಾಲ್ಕು ದಿನಗಳಿವೆ. 17 ತುಂಬಿದವರು ಮುಂಗಡವಾಗಿ ಅರ್ಜಿ ಕೊಡಬಹುದು.

ಮೂರನೆಯದು, ನಡೆಯಲಾರದವರಿಗೆ ದಾರಿ ತೋರಿಸಬೇಕು. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ 80 ದಾಟಿದವರಿಗೆ, 2024ರಲ್ಲಿ 85 ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಅವಕಾಶ ಇತ್ತು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಇತ್ತು. ಆದರೆ ಮುಂಚೆಯೇ ನಮೂನೆ 12ಡಿ ಕೊಡಬೇಕು. ತಿಳಿಸುವವರು ಇಲ್ಲದಿದ್ದರೆ ಮಂಚದ ಮೇಲಿರುವ ಅಜ್ಜನಿಗೆ ಇದು ಹೇಗೆ ಗೊತ್ತಾಗಬೇಕು? ನಮ್ಮ ಜಿಲ್ಲೆಯ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮೀಜಿಯವರು 2018ರಲ್ಲಿ ತಮ್ಮ 111ನೇ ವಯಸ್ಸಿನಲ್ಲಿ ಮತ ಹಾಕಿದ್ದನ್ನು ಇಂಥ ಹಿರಿಯರಿಗೆ ನೆನಪಿಸಬಹುದು.

ನಾಲ್ಕನೆಯದು, ನಾಟಕ, ಹಾಡು. ಗುಬ್ಬಿ ವೀರಣ್ಣನವರ ತಾಲ್ಲೂಕಿನವರು ನಾವು. ಭಾಷಣಕ್ಕೆ ಹತ್ತು ಜನ ಬಂದರೆ ನಾಟಕಕ್ಕೆ ನೂರು ಜನ ಬರ್ತಾರೆ.

7. ಏನು ಮಾಡಬಾರದು?

ಇದು ಬಹಳ ಮುಖ್ಯ. ಮತ ಹಾಕಿ ಅನ್ನಬಹುದು, ಇಂಥವರಿಗೇ ಹಾಕಿ ಅನ್ನಬಾರದು. ಒಮ್ಮೆ ಹಾಗೆ ಹೇಳಿದರೆ ಜನ ಅವರನ್ನು ಪಕ್ಷದವರು ಅಂತ ತಿಳಿದು ಬಾಗಿಲು ಹಾಕಿಕೊಳ್ತಾರೆ. ತಮ್ಮ ಪರವಾಗಿ ಓಟು ಹಾಕುವ ಮನೆಗಳವರ ಅರ್ಜಿ ಮಾತ್ರ ತುಂಬಿಸೋದು ಸೇವೆ ಅಲ್ಲ, ವ್ಯಾಪಾರ.

ಓಟಿಗೆ ದುಡ್ಡು ಕೊಡೋದು, ಇಸ್ಕೊಳ್ಳೋದು ಎರಡೂ ಅಪರಾಧ. "ಎಲ್ಲರೂ ಇಸ್ಕೊಳ್ತಾರೆ, ನಾವೊಬ್ಬರು ಬಿಟ್ಟರೆ ಏನು" ಅನ್ನೋ ಮಾತು ನಾವೆಲ್ಲ ಕೇಳಿದ್ದೇವೆ. ಅಂಥವರಿಗೆ ಬರೀ ಬುದ್ಧಿ ಹೇಳಿದರೆ ಸಾಲದು, ಅಭ್ಯರ್ಥಿ ಬಗ್ಗೆ ಮಾಹಿತಿ ಕೊಡಬೇಕು. 1999ರಲ್ಲಿ ಪ್ರೊ. ತ್ರಿಲೋಚನ ಶಾಸ್ತ್ರಿ, ಪ್ರೊ. ಜಗದೀಪ್ ಛೋಕರ್ ಮುಂತಾದವರು ಸೇರಿ ನ್ಯಾಯಾಲಯಕ್ಕೆ ಹೋದರು. ಅದರ ಫಲವಾಗಿ ಸುಪ್ರೀಂ ಕೋರ್ಟು 2002 ಮತ್ತು 2003ರಲ್ಲಿ ತೀರ್ಪು ಕೊಟ್ಟಿತು. ಅಂದಿನಿಂದ ಪ್ರತಿ ಅಭ್ಯರ್ಥಿಯೂ ತನ್ನ ಆಸ್ತಿ, ಸಾಲ, ಓದು, ಕ್ರಿಮಿನಲ್ ಮೊಕದ್ದಮೆ ಎಲ್ಲವನ್ನೂ ಪ್ರಮಾಣ ಪತ್ರದಲ್ಲಿ ಬರೆದು ಕೊಡಬೇಕು. ಯಾರೂ ಇಷ್ಟವಿಲ್ಲದಿದ್ದರೆ ಒತ್ತೋಕೆ 2013ರಿಂದ ನೋಟಾ ಗುಂಡಿ ಇದೆ. ಆ ಪ್ರಮಾಣ ಪತ್ರವನ್ನು ಓದಿ ಹೇಳೋದೂ ಸಮಾಜ ಸೇವೆಯೇ.

8. ನಮ್ಮ ಪಾಲಿನ ಕೆಲಸ

ನಮಗೆ ಇನ್ನೂ ಮತ ಇಲ್ಲ. ಆದರೆ ಓದೋಕೆ ಬರುತ್ತೆ, ಫಾರಂ ತುಂಬೋಕೆ ಬರುತ್ತೆ, ಮನೆಯಲ್ಲಿ ಪ್ರಶ್ನೆ ಕೇಳೋಕೂ ಬರುತ್ತೆ. ಜನವರಿ 25 ರಾಷ್ಟ್ರೀಯ ಮತದಾರರ ದಿನ. 1950ರಲ್ಲಿ ಅದೇ ದಿನ ಚುನಾವಣಾ ಆಯೋಗ ಸ್ಥಾಪನೆಯಾಯಿತು. 2011ರಿಂದ ಈ ದಿನ ಆಚರಿಸುತ್ತಿದ್ದಾರೆ. ಆ ದಿನ ಪ್ರತಿಜ್ಞೆ ಹೇಳಿ ಜಾಥಾ ಮಾಡಿ ಮನೆಗೆ ಹೋಗೋದರ ಜೊತೆಗೆ, ಒಬ್ಬೊಬ್ಬರೂ ತಮ್ಮ ಬೀದಿಯ ಪಟ್ಟಿ ನೋಡಿದರೆ ಚೆನ್ನಾಗಿರುತ್ತೆ ಅಂತ ಗುರುಗಳಲ್ಲಿ ನನ್ನ ವಿನಂತಿ.

ಮನೆಯಲ್ಲಿ ಕೇಳಿ ಉತ್ತರ ಬರೆಯಿರಿ:

1) ನಿಮ್ಮ ಮನೆಯಲ್ಲಿ 18 ದಾಟಿದವರು ಎಷ್ಟು ಜನ? ಪಟ್ಟಿಯಲ್ಲಿ ಎಷ್ಟು ಹೆಸರಿದೆ?
2) ನಿಮ್ಮ ಅಮ್ಮ, ಅತ್ತಿಗೆ, ಚಿಕ್ಕಮ್ಮ ಇವರ ಹೆಸರು ತವರಿನಲ್ಲಿದೆಯೋ, ಇಲ್ಲಿದೆಯೋ?
3) ತೀರಿಹೋದ ಯಾರದಾದರೂ ಹೆಸರು ಇನ್ನೂ ಪಟ್ಟಿಯಲ್ಲಿದೆಯೇ?
4) ನಿಮಗೆ 18 ತುಂಬುವ ದಿನಾಂಕ ಯಾವುದು? ನಾಲ್ಕು ಅರ್ಹತಾ ದಿನಗಳಲ್ಲಿ ನಿಮಗೆ ಸಿಗೋದು ಯಾವುದು?

ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ತಂದರೆ ಎಲ್ಲ ಸೇರಿಸಿ ನಮ್ಮ ಊರಿನ ಮತಗಟ್ಟೆ ಅಧಿಕಾರಿಗಳಿಗೆ ಕೊಡೋಣ. ನಾಲ್ಕನೇ ಪ್ರಶ್ನೆಯ ಉತ್ತರ ಮಾತ್ರ ನಿಮ್ಮ ಹತ್ತಿರವೇ ಇರಲಿ.