ಪಗಾರ ಎಂದರೆ ಕೊಡುವುದು

ಕುಮಟೆಯ ನಮ್ಮ ಮನೆಯಲ್ಲಿ ಸಂಬಳ ಎಂಬ ಮಾತು ಶಾಲೆಯ ಪುಸ್ತಕದಲ್ಲಿತ್ತು, ಬಾಯಲ್ಲಿದ್ದದ್ದು ಪಗಾರ. ಒಂದನೇ ತಾರೀಕು ಅಪ್ಪ ಒಳಜೇಬಿನಿಂದ ಕವರು ತೆಗೆದು ದೇವರ ಮುಂದಿಟ್ಟರೆ ಅದು ಪಗಾರ. ಆ ಮಾತು ಪೋರ್ಚುಗೀಸರದು, ಅವರ ಭಾಷೆಯಲ್ಲಿ ಅದರ ಅರ್ಥ ‘ದುಡ್ಡು ಕೊಡುವುದು’ ಎಂದು ನನಗೆ ತಿಳಿದದ್ದು ಕೋಲ್ಕತ್ತಕ್ಕೆ ಬಂದು ಎಷ್ಟೋ ವರ್ಷಗಳ ಮೇಲೆ. ಅವರಿಗೆ ಕೊಡುವುದು, ನಮಗೆ ಬರುವುದು. ರಜೆಯ ವಿಷಯದಲ್ಲಿ ನಾನು ಮಾಡಿಕೊಂಡ ಎಡವಟ್ಟೆಲ್ಲ ಈ ಒಂದು ಮಾತಿನೊಳಗೇ ಇದೆ.

ಕಳೆದ ಸೆಪ್ಟೆಂಬರಿನಲ್ಲಿ ಮಗಳು ಫೋನು ಹಿಡಿದುಕೊಂಡು ಬಂದಳು. ಪೋರ್ಚುಗಲ್ಲಿನ ಅಲೆಂತೆಜು ಕರಾವಳಿಯ ಚಿತ್ರಗಳು. ಅಲ್ಗಾರ್ವ್‌ನ ಬೀಚುಗಳಂತೆ ಅಲ್ಲಿ ಜಾತ್ರೆಯಿಲ್ಲ. ಬಂಡೆಗಳ ಅಂಚಿನಲ್ಲಿ ಮೀನುಗಾರರ ಕಾಲುದಾರಿ, ಕೆಳಗೆ ಅಟ್ಲಾಂಟಿಕ್, ಸುಣ್ಣ ಬಳಿದ ಪುಟ್ಟ ಮನೆಗಳು. ವಾಸ್ಕೊ ಡ ಗಾಮ ಹುಟ್ಟಿದ ಸೀನೆಸ್ ಊರು ಇರುವುದೂ ಆ ತೀರದಲ್ಲೇ. “ಅವನು 1498ರಲ್ಲಿ ನಮ್ಮ ಕಾರವಾರದ ಅಂಜದೀವಕ್ಕೆ ಬಂದು ಹೋಗಿದ್ದಾನಲ್ಲ ಅಪ್ಪ, ನಾವೊಮ್ಮೆ ಅವನ ಊರಿಗೆ ಹೋಗಿಬರುವುದು ಮರ್ಯಾದೆ” ಎಂದಳು.

ಲೆಕ್ಕಕ್ಕೆ ಕೂತೆ. ಷೆಂಗೆನ್ ವೀಸಾಕ್ಕೆ ತಲೆಗೆ 90 ಯೂರೋ. ಯೂರೋ ನೂರು ರೂಪಾಯಿಯ ಆಸುಪಾಸು, ಅಂದರೆ ಮೂವರಿಗೆ 27,000. ವೀಸಾ ಸಿಗದಿದ್ದರೂ ಆ ಹಣ ಹಿಂದೆ ಬರುವುದಿಲ್ಲ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸ ವಿಮೆ ಕಡ್ಡಾಯ. ಕೋಲ್ಕತ್ತದಿಂದ ಯುರೋಪಿಗೆ ನೇರ ವಿಮಾನವಿಲ್ಲ, ದುಬೈಯೋ ದೋಹಾವೋ ಸುತ್ತಿ ಹೋಗಬೇಕು. ಪ್ಯಾಕೇಜ್ ಕೊಂಡರೆ ಅದರ ಮೇಲೆ ಟಿಸಿಎಸ್, ಅಂದರೆ ಮಾರುವವರೇ ಮುಂಚಿತವಾಗಿ ಹಿಡಿಯುವ ತೆರಿಗೆ. ರಿಟರ್ನ್ಸ್ ಸಲ್ಲಿಸುವಾಗ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು ನಿಜ, ಅಲ್ಲಿಯವರೆಗೆ ದುಡ್ಡು ನಮ್ಮ ಕೈಯಲ್ಲಿಲ್ಲ. ಒಂಬತ್ತು ದಿನಕ್ಕೆ ನನ್ನ ಪುಸ್ತಕದಲ್ಲಿ ಬಂದ ಮೊತ್ತ ಆರೂವರೆ ಲಕ್ಷ. ಬ್ಯಾಂಕಿನಲ್ಲಿ ನಾನು ‘ಸಮುದ್ರ’ ಎಂದು ಹೆಸರಿಟ್ಟುಕೊಂಡ ಆರ್‌ಡಿಗೆ ತಿಂಗಳಿಗೆ ಕಟ್ಟುವುದು 1,500.

“ಸಾಲ ಸಿಗುತ್ತದಂತೆ, ಪ್ರವಾಸಕ್ಕೂ ಇಎಮ್‌ಐ ಇದೆ” ಎಂದಳು ಮಗಳು. ಅವಳಮ್ಮ ನನ್ನ ಮುಖ ನೋಡಿ ನಕ್ಕಳು. ಯಾಕೆ ನಕ್ಕಳೆಂದು ಹೇಳಬೇಕಾದರೆ 2012ಕ್ಕೆ ಹೋಗಬೇಕು.

ಆ ವರ್ಷ ಒಂದು ಮಾಲ್‌ನಲ್ಲಿ ಯಾರೋ ಕೂಪನ್ ತುಂಬಿಸಿಕೊಂಡರು. ವಾರದಲ್ಲಿ ಫೋನು: ನಿಮಗೆ ಬಹುಮಾನ ಬಂದಿದೆ, ದಂಪತಿ ಸಮೇತ ಬನ್ನಿ, ಊಟ ನಮ್ಮದು. ತಣ್ಣನೆಯ ಹಾಲ್, ಜೋರು ಸಂಗೀತ, ಪ್ರತಿ ಮೇಜಿಗೂ ಟೈ ಕಟ್ಟಿದ ಒಬ್ಬ ಹುಡುಗ. ವರ್ಷಕ್ಕೆ ಏಳು ರಾತ್ರಿಯಂತೆ 25 ವರ್ಷ, ಇಂದಿನ ಬೆಲೆಗೆ ನಾಳಿನ ರಜೆ. “ಸರ್, ಇದು ಖರ್ಚಲ್ಲ, ಹೂಡಿಕೆ” ಎಂದ. ಪಕ್ಕದ ಮೇಜಿನಲ್ಲಿ ಯಾರೋ ಸಹಿ ಹಾಕಿದಾಗ ಗಂಟೆ ಬಾರಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ನಮಗೂ ಬಾರಿಸಿದರು. 2,40,000 ರೂಪಾಯಿ. ನಲವತ್ತು ಸಾವಿರ ಆಗಲೇ ಕಾರ್ಡಿನಲ್ಲಿ, ಉಳಿದದ್ದು ಕಂತಿನಲ್ಲಿ.

ಹದಿಮೂರು ವರ್ಷದಲ್ಲಿ ಅದನ್ನು ಬಳಸಿದ್ದು ಐದು ಸಲ, ಒಟ್ಟು 20 ರಾತ್ರಿ. ಪೂಜೆಯ ರಜೆಯಲ್ಲಿ ಕೇಳಿದರೆ ಕೋಣೆ ಇಲ್ಲ, ಡಿಸೆಂಬರಿನಲ್ಲಿ ಇಲ್ಲ. ಜುಲೈ ಮಳೆಯಲ್ಲಿ ಬೇಕಾದಷ್ಟು ಇದೆ. ವಾರ್ಷಿಕ ನಿರ್ವಹಣಾ ಶುಲ್ಕ ಒಂಬತ್ತು ಸಾವಿರದಲ್ಲಿ ಶುರುವಾಗಿ ಈಗ 19,800ಕ್ಕೆ ನಿಂತಿದೆ. ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ಇಷ್ಟು ವರ್ಷ ಕಟ್ಟಿದ ಶುಲ್ಕವೇ ಸುಮಾರು 1,80,000. ಸದಸ್ಯತ್ವದ ಹಣಕ್ಕೆ ಅದನ್ನು ಕೂಡಿಸಿ ಇಪ್ಪತ್ತರಿಂದ ಭಾಗಿಸಿದರೆ ರಾತ್ರಿಗೆ 21,000 ರೂಪಾಯಿ, ಊಟ ಬೇರೆ, ಕಂತಿನ ಬಡ್ಡಿ ಬೇರೆ. ಆ ದುಡ್ಡಿಗೆ ಒಳ್ಳೆಯ ಹೋಟೆಲಿನವರು ನನಗೆ ಆರತಿ ಎತ್ತುತ್ತಿದ್ದರು. ಮಾರೋಣವೆಂದರೆ ಕೊಳ್ಳುವವರಿಲ್ಲ.

ನನ್ನದು ಕಾನೂನಿನ ಒಳಗೇ ನಡೆದ ದಡ್ಡತನ. ಬಂಗಾಳದಲ್ಲಿ ಇದಕ್ಕಿಂತ ದೊಡ್ಡದೊಂದು ಬೇರೆಯೇ ಕಥೆಯಿದೆ. ರೋಸ್ ವ್ಯಾಲಿ ಸಮೂಹದ ಹೋಟೆಲ್ ಕಂಪನಿ ‘ಹಾಲಿಡೇ ಮೆಂಬರ್‌ಶಿಪ್’ ಯೋಜನೆ ಮಾರಿತು. ತಿಂಗಳ ಕಂತು ಕಟ್ಟಿ ಕೋಣೆ ಕಾಯ್ದಿರಿಸಿ. ಅವಧಿ ಮುಗಿದಾಗ ರಜೆ ಬೇಡವಾದರೆ ಬಡ್ಡಿ ಸಮೇತ ಹಣ ಹಿಂದಕ್ಕೆ. ಇದು ಸಾಮೂಹಿಕ ಹೂಡಿಕೆ ಯೋಜನೆಯೆಂದು, ನೋಂದಣಿಯಿಲ್ಲದೆ ನಡೆಸುವಂತಿಲ್ಲವೆಂದು ಸೆಬಿ 2013ರಲ್ಲಿ ತಡೆಯಿತು. 2015ರಲ್ಲಿ ಜಾರಿ ನಿರ್ದೇಶನಾಲಯ ಸಮೂಹದ ಅಧ್ಯಕ್ಷರನ್ನು ಬಂಧಿಸಿತು. ಹಣ ಕಳೆದುಕೊಂಡವರಿಗೆ ಹಂಚಲೆಂದು ಆಸ್ತಿ ವಿಲೇವಾರಿ ಸಮಿತಿಯ ಕೈಗೆ 515 ಕೋಟಿ ರೂಪಾಯಿಯ ಡ್ರಾಫ್ಟ್ ಸಿಕ್ಕಿದ್ದು 2025ರಲ್ಲಿ. ಹನ್ನೆರಡು ವರ್ಷ! ಕಂತು ಕಟ್ಟಿದವರಲ್ಲಿ ಎಷ್ಟು ಜನ ನಿಜಕ್ಕೂ ಸಮುದ್ರ ನೋಡುವ ಆಸೆಯಿಂದ ಕಟ್ಟಿದ್ದರೋ. ಬಡ್ಡಿಯ ಆಸೆಗೆ ಅಲೆಯ ಚಿತ್ರ ಅಂಟಿಸಿದ್ದರು ಅಷ್ಟೆ. ಕೊಡುವುದನ್ನು ಬರುವುದೆಂದು ತಿಳಿದರೆ ಹೀಗೆ.

ಆದ್ದರಿಂದ ನಮ್ಮ ಮನೆಯಲ್ಲಿ ರಜೆ ಈಗ ಬರೀ ಖರ್ಚು. ವರ್ಷದ ಆರ್‌ಡಿಯಲ್ಲಿ ಸೇರಿದ 18,000 ದಾಟುವಂತಿಲ್ಲ. ಈ ಹದ್ದಿನೊಳಗೆ ಪೋರ್ಚುಗೀಸ್ ಸಮುದ್ರ ತೋರಿಸುತ್ತೇನೆಂದು ಮಗಳಿಗೆ ಮಾತು ಕೊಟ್ಟೆ. ಅವಳು ನಂಬಲಿಲ್ಲ.

ಕೋಲ್ಕತ್ತದವರಿಗೆ ಸಮುದ್ರವೆಂದರೆ ದಿಘಾ, ಪುರಿ. ದಿಘಾದಲ್ಲಿ 2025ರ ಏಪ್ರಿಲ್ 30ರಂದು ಜಗನ್ನಾಥ ಮಂದಿರ ತೆರೆದ ಮೇಲೆ ಅಲ್ಲಿಗೆ ಹೋಗಲು ಇನ್ನೊಂದು ಕಾರಣ ಸಿಕ್ಕಿದೆ. ಪಕ್ಕದ ಮಂದಾರಮಣಿ ಒಂದು ಕಾಲದಲ್ಲಿ ಬೆಸ್ತರ ಊರು. ನೋಡುನೋಡುತ್ತಿದ್ದಂತೆ ಮರಳಿನ ಮೇಲೇ ಹೋಟೆಲುಗಳು ಎದ್ದವು. ಕರಾವಳಿ ನಿಯಮ ಮೀರಿದ್ದಾವೆಂದು ಹಸಿರು ನ್ಯಾಯಮಂಡಳಿ 2022ರಲ್ಲಿ ಹೇಳಿತು. 2024ರ ನವೆಂಬರಿನಲ್ಲಿ ಸುಮಾರು 140 ಹೋಟೆಲುಗಳನ್ನು ಕೆಡವಲು ಜಿಲ್ಲಾಡಳಿತ ಆದೇಶಿಸಿತು, ಹೈಕೋರ್ಟು ತಡೆ ಕೊಟ್ಟಿತು. ಅಂಥ ಕಡೆ ಮೂರು ತಿಂಗಳು ಮೊದಲೇ ಪೂರ್ತಿ ಹಣ ಕೊಟ್ಟು ಕೋಣೆ ಹಿಡಿಯುವುದು ಜಾಣತನವಲ್ಲ ಎಂದಷ್ಟೇ ನನ್ನ ಮಾತು.

ನಾವು ಹೋದದ್ದು ಅದೇ ಕರಾವಳಿಯ ಬಗುರಾನ್ ಜಲಪಾಯಿಗೆ. ಹೌರಾದಿಂದ ಬೆಳಗಿನ ದಿಘಾ ರೈಲು ಹತ್ತಿ ಕಾಂಥಿಯಲ್ಲಿ ಇಳಿದೆವು. ಅಣ್ಣತಮ್ಮಂದಿರ ಹಬ್ಬ ಭಾಯಿಫೋಟಾ ಮುಗಿದು ಡಿಸೆಂಬರಿನ ಪಿಕ್ನಿಕ್ ಗಲಾಟೆ ಶುರುವಾಗದ ನವೆಂಬರ್ ನಡುವಿನ ಮಂಗಳವಾರ. ರೈಲಿಗೆ ಮೂವರಿಗೆ 330 ರೂಪಾಯಿ. ಕಾಂಥಿಯಿಂದ ಹತ್ತು ಹನ್ನೆರಡು ಕಿಲೋಮೀಟರಿಗೆ ಟೋಟೋದವನು, ಅಂದರೆ ಬ್ಯಾಟರಿ ರಿಕ್ಷಾದವನು, ಕೇಳಿದ್ದು 400.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಸದ್ದಿಲ್ಲದ ತೀರದ ಬೆಲೆ ಇರುವುದೇ ಈ ಕಡೆಯ ಹತ್ತು ಕಿಲೋಮೀಟರಿನಲ್ಲಿ. ದಿಘಾದಲ್ಲಿ ಗುಂಪೇ ನಿಮ್ಮ ಖರ್ಚು ಹಂಚಿಕೊಳ್ಳುತ್ತದೆ. ಟೋಟೋದಲ್ಲಿ ಇನ್ನೂ ನಾಲ್ವರು ಕೂರುತ್ತಾರೆ, ಇಪ್ಪತ್ತು ಹೋಟೆಲು ಪೈಪೋಟಿಗೆ ಬಿದ್ದು ಊಟದ ಬೆಲೆ ಇಳಿಸುತ್ತವೆ. ಬಗುರಾನಿನಲ್ಲಿ ನೀವೊಬ್ಬರೇ ಗಿರಾಕಿ. ಟೋಟೋ ಖಾಲಿ ವಾಪಸು ಹೋಗಬೇಕು, ಆ ಬಾಡಿಗೆಯೂ ನಿಮ್ಮದೇ. ಊಟ ಬೆಳಿಗ್ಗೆಯೇ ಹೇಳಬೇಕು; ಅಡುಗೆಯ ಮಾಸಿ ಹೇಳಿದ್ದೇ ದರ. ದಿನಕ್ಕೆ ತಲೆಗೆ 550, ದಿಘಾಕ್ಕಿಂತ ಖಂಡಿತ ಜಾಸ್ತಿ. ಮಂಚ ಒಂದು ಹೆಚ್ಚು ಹಾಕಿಸಿದ ಕೋಣೆಗೆ ರಾತ್ರಿಗೆ 2,200. ಹತ್ತಿರದಲ್ಲಿ ಎಟಿಎಮ್ ಕಾಣಲಿಲ್ಲ, ಫೋನಿಗೆ ಸಿಗ್ನಲ್ ಬಂದರೆ ಯುಪಿಐ, ಇಲ್ಲದಿದ್ದರೆ ಇಲ್ಲ. ಕಾಂಥಿಯಲ್ಲೇ ನೂರು, ಐವತ್ತರ ನೋಟು ಮಾಡಿಸಿಕೊಂಡು ಹೋದದ್ದು ಒಳ್ಳೆಯದಾಯಿತು. ರೈಲಿನ ಟಿಕೆಟ್ ನೋಡಿ ‘ಅಗ್ಗದ ಜಾಗ’ ಎಂದು ಹೊರಟವರು ಎರಡನೇ ದಿನವೇ ಮುಖ ಗಂಟು ಹಾಕುತ್ತಾರೆ. ಇಲ್ಲದ ಅಂಗಡಿಗೆ, ಇಲ್ಲದ ಜನಕ್ಕೆ, ಇಲ್ಲದ ಮೈಕಿಗೆ ನಾವು ಕಾಸು ಕೊಡುತ್ತಿದ್ದೇವೆ ಎಂದು ಮೊದಲೇ ಒಪ್ಪಿಕೊಂಡರೆ ಜಗಳವಿಲ್ಲ.

ಮತ್ತು ಏನೂ ಇಲ್ಲದ್ದು ಅಲ್ಲಿ ಬೇಕಾದಷ್ಟಿತ್ತು. ಇಳಿತದ ಹೊತ್ತಿಗೆ ಸಮುದ್ರ ಎದ್ದು ಎಲ್ಲಿಗೋ ಹೋಗಿಬಿಡುತ್ತದೆ. ಉಳಿದದ್ದು ಹೊಳೆಯುವ ಬೂದು ಕೆಸರು, ಅದರ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪು ಏಡಿಗಳು. ಒಂದು ಹೆಜ್ಜೆ ಇಟ್ಟರೆ ಕುಂಕುಮ ಮಾಯ. ಹಿಂದೆ ಗಾಳಿಮರದ ತೋಪು. ಕುಮಟೆಯ ಕಡಲು ಕಂಡವರಿಗೆ ಇದು ಸಮುದ್ರವೆಂದು ಒಪ್ಪಲು ಒಂದು ದಿನ ಬೇಕು. ನನ್ನಾಕೆ ಒಪ್ಪಲೇ ಇಲ್ಲ. “ಇದು ಅಳಿವೆ ರೀ, ಉಪ್ಪು ಹಾಕಿದ ಗದ್ದೆ” ಎಂದಳು. ಮೂರನೇ ಸಂಜೆ ಮಾತ್ರ ಕತ್ತಲಾದರೂ ಅಲ್ಲಿಂದ ಏಳಲಿಲ್ಲ.

ಎರಡನೇ ದಿನ 900 ರೂಪಾಯಿಗೆ ಟೋಟೋ ಮಾತಾಡಿಕೊಂಡು ದರಿಯಾಪುರದ ದೀಪಸ್ತಂಭ, ಪೇಟುವಾಘಾಟ್ ಬಂದರು ನೋಡಿದೆವು. ಬಂಕಿಮಚಂದ್ರರು 1860ರಲ್ಲಿ ಈ ಕಡೆ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದರು, ‘ಕಪಾಲಕುಂಡಲಾ’ ಕಾದಂಬರಿ ಹುಟ್ಟಿದ್ದು ಈ ಮರಳಿನಲ್ಲೇ. ಬಂದರಿನಲ್ಲಿ ಮೀನಿನ ಹರಾಜು. ಬಂಗಾಳಿಯಲ್ಲಿ ‘ನಿಲಾಮ್’ ಎಂದು ಕೂಗುವುದು ಕೇಳಿ ಕಿವಿ ನೆಟ್ಟಗಾಯಿತು: ನಮ್ಮ ಕಡೆಯ ಲಿಲಾವು! ಎರಡೂ ಪೋರ್ಚುಗೀಸರದೇ ಮಾತು. ಬುಟ್ಟಿಯಲ್ಲಿ ಲೊಟೆ, ಅಂದರೆ ಬೊಂಬಿಲ್, ಪಕ್ಕದಲ್ಲಿ ಪಾಂಪ್ಲೆಟು. ಮಾಸಿಯ ಊಟಕ್ಕೆ ಜಾಸ್ತಿ ದರ ಯಾಕೆಂದು ಅಲ್ಲೇ ಅರ್ಧ ತಿಳಿಯಿತು. ಒಳ್ಳೆಯ ಮೀನು ಲಾರಿ ಹತ್ತಿ ಕೋಲ್ಕತ್ತಕ್ಕೆ ಹೋಗುತ್ತದೆ, ಊರಿನವರು ಅದೇ ಲಿಲಾವಿನಲ್ಲಿ ನಿಂತು ಕೋಲ್ಕತ್ತದ ಪೇಟೆಯ ಬೆಲೆಗೆ ಕೊಳ್ಳಬೇಕು.

ರಸೂಲ್‌ಪುರ ನದಿಯಾಚೆ ಹಿಜ್ಲಿ. ಅಲ್ಲಿ ಪೋರ್ಚುಗೀಸ್ ವ್ಯಾಪಾರಿಗಳು ನೆಲೆಯೂರಿದ್ದರು. ಆಮೇಲೆ 1687ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕ್ ಹಿಜ್ಲಿಯನ್ನು ಹಿಡಿದು ಮೊಗಲರ ಎದುರು ಕೂತ. ಅವನ ಸಿಪಾಯಿಗಳಲ್ಲಿ ಬಹಳ ಮಂದಿಯನ್ನು ಜ್ವರವೇ ತಿಂದಿತು. ಮೂರು ವರ್ಷಕ್ಕೆ ಅವನು ಸುತಾನುಟಿಗೆ ಬಂದಿಳಿದ, ಕೋಲ್ಕತ್ತ ಶುರುವಾಯಿತು.

ಮಗಳಿಗೆ ಮಾತು ಕೊಟ್ಟದ್ದು ಇನ್ನೂ ಬಾಕಿಯಿತ್ತು. ವಾಪಸು ರೈಲು ಹಿಡಿಯದೆ ಬಸ್ಸಿನಲ್ಲಿ ಮಹಿಷಾದಲ್, ಅಲ್ಲಿಂದ ಗೇಂವ್‌ಖಾಲಿ ಹತ್ತಿರದ ಮೀರ್‌ಪುರಕ್ಕೆ ಹೋದೆವು. ಹದಿನೆಂಟನೇ ಶತಮಾನದಲ್ಲಿ ಮರಾಠರ ಬರ್ಗಿ ದಾಳಿಗೆ ಹೆದರಿ ಮಹಿಷಾದಲದ ರಾಜಮನೆತನ ಗೋವೆಯಿಂದ ತೋಪು ಹಾರಿಸುವ ಪೋರ್ಚುಗೀಸ್ ಗೋಲಂದಾಜರನ್ನು ಕರೆಸಿತು, ಪಗಾರದ ಬದಲು ಇಲ್ಲಿ ಭೂಮಿ ಕೊಟ್ಟಿತು ಎಂದು ಊರವರ ಹೇಳಿಕೆ. ಈಗ ಅಲ್ಲಿ ಇಗರ್ಜಿಯಿದೆ, ಪೋರ್ಚುಗೀಸ್ ಅಡ್ಡಹೆಸರಿನ ಮನೆಗಳಿವೆ, ಹಿತ್ತಲಲ್ಲಿ ಬಾಳೆ, ಮುಂದೆ ಒಗೆದು ಹಾಕಿದ ಸೀರೆ. ಮಾತೆಲ್ಲ ಮೇದಿನಿಪುರದ ಬಂಗಾಳಿ. ಸುತ್ತಲಿನವರಿಗೆ ಇದು ಫಿರಿಂಗಿಪಾಡಾ. ಒಂದು ಅಂಗಳದಲ್ಲಿ ಪರಂಗಿ ಹಣ್ಣಿನ ಗಿಡ ಕಂಡು ಮಗಳು ತಾನೇ ನಕ್ಕಳು. ಹತ್ತಿರದ ಅಜ್ಜಿಯೊಬ್ಬರು ನಾವು ಯಾರು, ಎಲ್ಲಿಯವರು ಎಂದು ಕೇಳಿದರು. ಗೋವೆಯ ಪಕ್ಕದ ಊರೆಂದೆ. “ಹಾಗಾದರೆ ನೀವೂ ದೂರದಿಂದ ಬಂದವರೇ” ಎಂದರು, ನೀರು ತಂದುಕೊಟ್ಟರು.

ಗೇಂವ್‌ಖಾಲಿಯಲ್ಲಿ ರೂಪನಾರಾಯಣ ಬಂದು ಹೂಗ್ಲಿಗೆ ಸೇರುತ್ತದೆ. ದೋಣಿಯಲ್ಲಿ ಆಚೆ ನೂರ್‌ಪುರಕ್ಕೆ ದಾಟಿ ಡೈಮಂಡ್ ಹಾರ್ಬರ್ ರಸ್ತೆಯ ಬಸ್ಸು ಹಿಡಿದೆವು. ಬಸ್ಸು, ಟೋಟೋ, ದೋಣಿ ಎಲ್ಲ ಸೇರಿ ಮೂವರಿಗೆ 700 ರೂಪಾಯಿ.

ಕೋಲ್ಕತ್ತದ ಲೇಕ್ ಮಾರ್ಕೆಟ್ಟಿನ ಮನೆಗೆ ಬಂದು ಬೀಗ ತೆಗೆದರೆ ಬಾಗಿಲಡಿ ಒಂದು ಕವರು. ರಜಾ ಕ್ಲಬ್ಬಿನದು: ಈ ವರ್ಷದ ನಿರ್ವಹಣಾ ಶುಲ್ಕ 19,800, ಹದಿನೈದು ದಿನದೊಳಗೆ ಕಟ್ಟದಿದ್ದರೆ ಬಡ್ಡಿ. ಮಗಳು ಅದರ ಹಿಂಬದಿಯಲ್ಲೇ ನಮ್ಮ ಲೆಕ್ಕ ಬರೆಯತೊಡಗಿದಳು. ರೈಲು, ಟೋಟೋ, ಕೋಣೆ, ಊಟ, ಚಹಾ, ಝಾಲ್‌ಮುಡಿ. ಕೂಡಿಸಿ 14,350 ಎಂದು ಅಡಿಗೆರೆ ಎಳೆದಳು.

“ಕಾಂಥಿಯಲ್ಲಿ ಕೊಂಡ ಗೇರುಬೀಜ ಬಿಟ್ಟೆಯಲ್ಲೇ, 850” ಎಂದು ಅವಳಮ್ಮ ಒಳಗಿಂದ ಕೂಗಿದಳು. ಮಗಳು ಅಡಿಗೆರೆ ಹೊಡೆದುಹಾಕಿ 15,200 ಎಂದು ತಿದ್ದಿದಳು.