ಟ್ರಯಾಕಿನ ಗೇಟಿಗೆ ಎಷ್ಟು ಪ್ರವಾಹ ಬೇಕು?

ಕೆರೆಯ ಕೆಳಗಣ ಹಳ್ಳಿಗಳಿಂದ ಬರುವ ನಮ್ಮ ವಿದ್ಯಾರ್ಥಿನಿಯರು ತೂಬನ್ನು ಎತ್ತುವ ನೀರುಗಂಟಿಯನ್ನು ಕಂಡಿರಬಹುದು. ಅವನ ತೋಳಿನ ಬಲವು ಅಲ್ಪವಾದುದು. ಅದರಿಂದ ಹರಿಯತೊಡಗುವ ನೀರಾದರೋ ನೂರಾರು ಗದ್ದೆಗಳನ್ನು ತೋಯಿಸುವಷ್ಟು ಬಲವುಳ್ಳದ್ದು. ಆದರೆ ತೂಬನ್ನು ಎತ್ತಲು ಬೇಕಾದಷ್ಟು ಬಲವನ್ನು ಅವನು ಪೂರ್ತಿಯಾಗಿ ಹಾಕಲೇಬೇಕು. ಅರ್ಧ ಬಲ ಹಾಕಿದರೆ ಅರ್ಧ ನೀರು ಬರುವುದೆಂದು ಯಾರೂ ನಂಬಬಾರದು. ತೂಬು ಅಲುಗದೆಯೇ ಇದ್ದೀತು. ವಿದ್ಯುಚ್ಛಕ್ತಿಯ ಲೋಕದಲ್ಲಿ ಇಂತಹುದೇ ಒಂದು ತೂಬು ಉಂಟು. ಅದರ ಹೆಸರು ಟ್ರಯಾಕ್. ಅದನ್ನು ಎತ್ತಲು ಬೇಕಾದ ಬಲವನ್ನು ಲೆಕ್ಕ ಹಾಕುವ ಕ್ರಮವನ್ನು ಈ ಪಾಠದಲ್ಲಿ ವಿವರಿಸುವೆವು.

ಮೊದಲು ಇದರ ಪರಿಚಯ. 1957ರಲ್ಲಿ ಅಮೆರಿಕಾ ದೇಶದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯವರು ಥೈರಿಸ್ಟರ್ ಎಂಬ ಸಿಲಿಕಾನ್ ಸಾಧನವನ್ನು ಸಿದ್ಧಪಡಿಸಿದರು. ಅದು ಪ್ರವಾಹವನ್ನು ಒಂದೇ ದಿಕ್ಕಿನಲ್ಲಿ ಬಿಡತಕ್ಕದ್ದು. ನಮ್ಮ ಮನೆಗಳಿಗೆ ಬರುವ ಪ್ರವಾಹವಾದರೋ ಸೆಕೆಂಡಿಗೆ 50 ಆವರ್ತಗಳಂತೆ ಹಿಂದುಮುಂದಾಗಿ ಹರಿಯುವ ಪರ್ಯಾಯ ಪ್ರವಾಹ. ಎರಡು ದಿಕ್ಕುಗಳಲ್ಲಿಯೂ ಪ್ರವಾಹವನ್ನು ಬಿಡಬಲ್ಲ ಟ್ರಯಾಕ್ 1960ರ ದಶಕದಲ್ಲಿ ಬಳಕೆಗೆ ಬಂದಿತು. ಇಂದು ಫ್ಯಾನಿನ ವೇಗವನ್ನು ಇಳಿಸುವ, ದೀಪದ ಬೆಳಕನ್ನು ತಗ್ಗಿಸುವ ಎಷ್ಟೋ ಸಾಧನಗಳ ಒಳಗೆ ಇದೇ ಇರುವುದು.

ಟ್ರಯಾಕಿಗೆ ಮೂರು ಕಾಲುಗಳು. ಎಂ.ಟಿ. 1, ಎಂ.ಟಿ. 2 ಎಂಬ ಎರಡರ ನಡುವೆ ದೀಪದ ದೊಡ್ಡ ಪ್ರವಾಹವು ಹರಿಯುವುದು. ಮೂರನೆಯದು ಗೇಟು. ಗೇಟಿಗೂ ಎಂ.ಟಿ. 1ಕ್ಕೂ ನಡುವೆ ಕೆಲವು ಮಿಲ್ಲಿ ಆಂಪಿಯರುಗಳಷ್ಟು ಪ್ರವಾಹವನ್ನು ಹರಿಸಿದರೆ ಟ್ರಯಾಕ್ ತೆರೆದುಕೊಳ್ಳುವುದು. ಒಮ್ಮೆ ತೆರೆದು, ದೊಡ್ಡ ಪ್ರವಾಹವು ನೆಲೆಗೊಂಡಿತೆಂದರೆ, ಗೇಟಿನ ಪ್ರವಾಹವನ್ನು ನಿಲ್ಲಿಸಿದರೂ ಅದು ಮುಚ್ಚಿಕೊಳ್ಳುವುದಿಲ್ಲ. ದೊಡ್ಡ ಪ್ರವಾಹವೇ ಸೊನ್ನೆಯ ಸಮೀಪಕ್ಕೆ ಇಳಿದಾಗ ತಾನಾಗಿ ಮುಚ್ಚುವುದು. ಪರ್ಯಾಯ ಪ್ರವಾಹವು ಸೆಕೆಂಡಿಗೆ 100 ಸಾರಿ ಸೊನ್ನೆಗೆ ಬರುವುದಾದುದರಿಂದ, ಸೆಕೆಂಡಿಗೆ 100 ಸಾರಿ ಈ ತೂಬನ್ನು ಹೊಸದಾಗಿ ಎತ್ತಬೇಕಾಗುವುದು.

ಇನ್ನು ನಮ್ಮ ಪ್ರಯೋಗಶಾಲೆಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳುವೆವು. ವಿಜ್ಞಾನ ಪ್ರದರ್ಶನಕ್ಕೆಂದು ಹತ್ತನೆಯ ತರಗತಿಯ ಹುಡುಗಿಯರು ಐದು ದೀಪಗಳನ್ನು ಸರದಿಯಂತೆ ಹೊತ್ತಿಸುವ ಒಂದು ಫಲಕವನ್ನು ಮಾಡಿದರು. ಅಪಾಯವಿರಬಾರದೆಂದು ನಾವು 24 ವೋಲ್ಟಿನ ಟ್ರಾನ್ಸ್‌ಫಾರ್ಮರನ್ನೂ, ಲಾರಿಗಳಲ್ಲಿ ಬಳಸುವ 24 ವೋಲ್ಟಿನ ಬಲ್ಬುಗಳನ್ನೂ ಕೊಟ್ಟಿದ್ದೆವು. ಪ್ರತಿಯೊಂದು ದೀಪಕ್ಕೂ ಬಿ.ಟಿ. 136 ಎಂಬ ಜಾತಿಯ ಒಂದೊಂದು ಟ್ರಯಾಕ್. ಗೇಟುಗಳಿಗೆ 5 ವೋಲ್ಟಿನ ಧನ ವಿದ್ಯುತ್ತನ್ನು ಒಂದು ಟ್ರಾನ್ಸಿಸ್ಟರಿನ ಮೂಲಕ ಕೊಡುವುದೆಂದು ಗೊತ್ತಾಯಿತು.

ಗೇಟಿನ ರೋಧಕವನ್ನು ಅವರು ಹೀಗೆ ಲೆಕ್ಕ ಹಾಕಿದರು. ತಯಾರಕರ ಪಟ್ಟಿಯಲ್ಲಿ ಮೊದಲನೆಯ ಸಾಲಿನಲ್ಲಿ ಗೇಟಿನ ಪ್ರವಾಹವು ಸಾಧಾರಣವಾಗಿ 5 ಮಿಲ್ಲಿ ಆಂಪಿಯರ್ ಎಂದು ಇದ್ದಿತು. ನಾಲ್ಕು ಪಾಲು ಹೆಚ್ಚಾಗಿಯೇ ಇರಲೆಂದು ಅವರು 20 ಮಿಲ್ಲಿ ಆಂಪಿಯರನ್ನು ಹಿಡಿದರು. 5 ವೋಲ್ಟಿನಲ್ಲಿ ಗೇಟಿನ ಪಾಲು 0.7, ಟ್ರಾನ್ಸಿಸ್ಟರಿನ ಪಾಲು 0.2 ಕಳೆಯಲು ಉಳಿದದ್ದು 4.1. ಅದನ್ನು 0.020ರಿಂದ ಭಾಗಿಸಿದರೆ 205 ಓಮ್. ಅಂಗಡಿಯಲ್ಲಿ ದೊರೆತದ್ದು 180 ಓಮ್; ಅದರಲ್ಲಿ ಸುಮಾರು 23 ಮಿಲ್ಲಿ ಆಂಪಿಯರ್ ಹರಿಯುವುದು. ಲೆಕ್ಕದಲ್ಲಿ ಕೂಡುವ ಕಳೆಯುವ ತಪ್ಪು ಒಂದೂ ಇರಲಿಲ್ಲ.

ಫಲಕಕ್ಕೆ ವಿದ್ಯುತ್ತನ್ನು ಕೊಟ್ಟಾಗ ಎರಡು ದೀಪಗಳು ಚೆನ್ನಾಗಿ ಹೊತ್ತಿದವು. ಉಳಿದ ಮೂರು ಮಂಕಾಗಿ, ನಡುಗುತ್ತಾ ಉರಿದವು. ಸ್ವಲ್ಪ ಹೊತ್ತಿನಲ್ಲಿ ಟ್ರಾನ್ಸ್‌ಫಾರ್ಮರ್ ಗುಂಯ್ಗುಡತೊಡಗಿ, ಮುಟ್ಟಲಾರದಷ್ಟು ಬಿಸಿಯಾಯಿತು. ಹುಡುಗಿಯರು ಬಲ್ಬುಗಳನ್ನು ಅದಲುಬದಲು ಮಾಡಿದರು, ಫಲವಿಲ್ಲ. ಟ್ರಯಾಕುಗಳನ್ನು ಅದಲುಬದಲು ಮಾಡಿದಾಗ ಮಂಕುತನವು ಟ್ರಯಾಕಿನ ಜೊತೆಯಲ್ಲಿಯೇ ಹೋಯಿತು. “ಈ ಮೂರು ಕೆಟ್ಟ ಟ್ರಯಾಕುಗಳು, ಟೀಚರ್” ಎಂದರು. ಆ ಮೂರೂ ಕೆಟ್ಟವುಗಳಲ್ಲ. ಪಟ್ಟಿಯಲ್ಲಿ ಹೇಳಿರುವ ಮಿತಿಯೊಳಗೆಯೇ ಇದ್ದವು. ಪಟ್ಟಿಯನ್ನು ನಾವು ಪೂರ್ತಿಯಾಗಿ ಓದಿರಲಿಲ್ಲ. ಲೆಕ್ಕವನ್ನು ನೋಡಿ ಸರಿಯೆಂದು ಒಪ್ಪಿದವರು ನಾವೇ ಆದುದರಿಂದ ಈ ತಪ್ಪಿನಲ್ಲಿ ನಮಗೂ ಪಾಲು ಉಂಟು.

ಹಾಗಾದರೆ ಪಟ್ಟಿಯಲ್ಲಿ ಏನಿದೆ? ಎಂ.ಟಿ. 1ನ್ನು ಸೊನ್ನೆಯೆಂದು ಎಣಿಸಿದರೆ, ಎಂ.ಟಿ. 2 ಧನವಾಗಿರಬಹುದು ಇಲ್ಲವೆ ಋಣವಾಗಿರಬಹುದು, ಗೇಟೂ ಹಾಗೆಯೇ. ಹೀಗೆ ನಾಲ್ಕು ಸ್ಥಿತಿಗಳಾಗುವುವು. ಎರಡೂ ಧನವಾದರೆ ಒಂದನೆಯದು. ಎಂ.ಟಿ. 2 ಧನವಾಗಿ ಗೇಟು ಋಣವಾದರೆ ಎರಡನೆಯದು. ಎರಡೂ ಋಣವಾದರೆ ಮೂರನೆಯದು. ಎಂ.ಟಿ. 2 ಋಣವಾಗಿ ಗೇಟು ಧನವಾದರೆ ನಾಲ್ಕನೆಯದು. ಬಿ.ಟಿ. 136ರ ಪಟ್ಟಿಯಂತೆ, ಮೊದಲ ಮೂರು ಸ್ಥಿತಿಗಳಲ್ಲಿ ಗೇಟಿಗೆ ಬೇಕಾಗಬಹುದಾದ ಪ್ರವಾಹದ ಪರಮಾವಧಿ 35 ಮಿಲ್ಲಿ ಆಂಪಿಯರ್. ನಾಲ್ಕನೆಯ ಸ್ಥಿತಿಯಲ್ಲಿ 70. ಅದೇ ನಾಲ್ಕನೆಯ ಸ್ಥಿತಿಯಲ್ಲಿ ಸಾಧಾರಣವಾಗಿ ಬೇಕಾಗುವುದು 30.

ಈಗ ನಮ್ಮ ಫಲಕದ ಗುಟ್ಟು ಬಯಲಾಗುವುದು. ಗೇಟಿಗೆ ಯಾವಾಗಲೂ ಧನ ವಿದ್ಯುತ್ತನ್ನೇ ಕೊಟ್ಟಿದ್ದೆವು. ಪರ್ಯಾಯ ಪ್ರವಾಹದ ಧನ ಅರ್ಧದಲ್ಲಿ ಟ್ರಯಾಕ್ ಒಂದನೆಯ ಸ್ಥಿತಿಯಲ್ಲಿ ಇರುವುದು. ಆಗ 23 ಮಿಲ್ಲಿ ಆಂಪಿಯರ್ ಆ ಐದಕ್ಕೂ ಸಾಕಾಯಿತು. ಋಣ ಅರ್ಧದಲ್ಲಿ ಅದು ನಾಲ್ಕನೆಯ ಸ್ಥಿತಿಗೆ ಬರುವುದು. ಆಗ 23 ಎರಡಕ್ಕೆ ಸಾಕಾಯಿತು, ಮೂರಕ್ಕೆ ಸಾಲದೆ ಹೋಯಿತು. ಆ ಮೂರು ದೀಪಗಳಿಗೆ ಅರ್ಧ ಆವರ್ತ ಮಾತ್ರವೇ ದೊರೆತು, ಅವು ಸೆಕೆಂಡಿಗೆ 100 ಸಾರಿಯ ಬದಲು 50 ಸಾರಿ ಮಿಣುಕಿದವು. ಕಣ್ಣಿಗೆ ಅದು ನಡುಕವಾಗಿ ಕಂಡಿತು. ಟ್ರಾನ್ಸ್‌ಫಾರ್ಮರಿನ ಸುರುಳಿಯಲ್ಲಿ ಪ್ರವಾಹವು ಒಂದೇ ದಿಕ್ಕಿಗೆ ಹೆಚ್ಚಾಗಿ ಎಳೆಯಲ್ಪಟ್ಟು, ಅದರ ಕಬ್ಬಿಣವು ಕಾಂತಶಕ್ತಿಯಿಂದ ತುಂಬಿ ತುಳುಕಿತು. ಅದೇ ಆ ಗುಂಯ್ಗುಟ್ಟುವಿಕೆಗೂ ಬಿಸಿಗೂ ಕಾರಣ. ದೀಪವು ಮಂಕಾದರೆ ನಷ್ಟವು ಅಲ್ಪ. ಆದರೆ ದೀಪದ ಸ್ಥಾನದಲ್ಲಿ ಫ್ಯಾನೋ ಪಂಪೋ ಇದ್ದು, ನೋಡುವವರು ಇಲ್ಲದೆ ರಾತ್ರಿಯೆಲ್ಲ ಹೀಗೆಯೇ ನಡೆದರೆ ಸುರುಳಿ ಸುಟ್ಟುಹೋಗಬಹುದು. ಆದುದರಿಂದ ಈ ಲೆಕ್ಕವು ಪರೀಕ್ಷೆಯ ಅಂಕಗಳಿಗಾಗಿ ಮಾತ್ರ ಕಲಿಯತಕ್ಕದ್ದಲ್ಲ.

ಸರಿಯಾದ ಲೆಕ್ಕದ ಕ್ರಮವು ಇದು.

ಮೊದಲನೆಯದಾಗಿ, ಸಾಧ್ಯವಾದರೆ ನಾಲ್ಕನೆಯ ಸ್ಥಿತಿಯೇ ಬಾರದಂತೆ ಜೋಡಣೆ ಮಾಡಬೇಕು. ಎಂ.ಟಿ. 1ನ್ನು 5 ವೋಲ್ಟಿನ ಧನ ತಂತಿಗೆ ಸೇರಿಸಿ, ಗೇಟನ್ನು ರೋಧಕದ ಮತ್ತು ಟ್ರಾನ್ಸಿಸ್ಟರಿನ ಮೂಲಕ ಸೊನ್ನೆಯ ಕಡೆಗೆ ಎಳೆದರೆ, ಎಂ.ಟಿ. 1ಕ್ಕೆ ಹೋಲಿಸಿದಾಗ ಗೇಟು ಸದಾ ಋಣವಾಗಿರುವುದು. ಆಗ ಎರಡನೆಯ ಮತ್ತು ಮೂರನೆಯ ಸ್ಥಿತಿಗಳು ಮಾತ್ರ ಬರುವುವು. 70ರ ಸ್ಥಾನದಲ್ಲಿ 35 ಸಾಕಾಗುವುದು. ನಾಲ್ಕನೆಯ ಸ್ಥಿತಿಯಲ್ಲಿ ತೆರೆಯಲೇಬಾರದೆಂದು ರಚಿಸಿದ ಟ್ರಯಾಕುಗಳೂ ಇವೆ. ಅವುಗಳಿಗೆ ಈ ಜೋಡಣೆಯು ಸೊಗಸಾಗಿ ಒಪ್ಪುವುದು.

ಎರಡನೆಯದಾಗಿ, ಸಾಧಾರಣ ಎಂಬ ಅಂಕಣವನ್ನು ಬಿಟ್ಟು ಪರಮಾವಧಿ ಎಂಬ ಅಂಕಣವನ್ನು ನೋಡಬೇಕು. ನಮ್ಮ ಕೈಗೆ ಯಾವ ಟ್ರಯಾಕ್ ಬರುವುದೆಂದು ನಾವು ಮುಂದಾಗಿ ತಿಳಿಯಲಾರೆವು.

ಮೂರನೆಯದಾಗಿ, ಪಟ್ಟಿಯ ಅಂಕೆಯು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೇಳಿದುದು. ಟ್ರಯಾಕ್ ತಣ್ಣಗಾದಷ್ಟೂ ಗೇಟಿಗೆ ಹೆಚ್ಚು ಪ್ರವಾಹ ಬೇಕು. ಆದಕಾರಣ ಒಂದೂವರೆ ಪಾಲು ಹಿಡಿಯುವುದು ಲೇಸು. 35ರ ಒಂದೂವರೆ ಪಾಲು 52.5 ಮಿಲ್ಲಿ ಆಂಪಿಯರ್.

ನಾಲ್ಕನೆಯದಾಗಿ ರೋಧ. ಗೇಟಿನ ವೋಲ್ಟೇಜಿನ ಪರಮಾವಧಿ 1.5, ಟ್ರಾನ್ಸಿಸ್ಟರಿನದು 0.2. ಆಗ,

ರೋಧ = (5 − 1.5 − 0.2) ÷ 0.0525 = 3.3 ÷ 0.0525 = ಸುಮಾರು 63 ಓಮ್.

ಇದಕ್ಕಿಂತ ಕಡಿಮೆಯಾದ, ಅಂಗಡಿಯಲ್ಲಿ ದೊರೆಯುವ ಬೆಲೆ 56 ಓಮ್. ಹೆಚ್ಚಿನ ಬೆಲೆಯನ್ನು ಆರಿಸಕೂಡದು; ರೋಧ ಹೆಚ್ಚಿದರೆ ಪ್ರವಾಹ ಕುಗ್ಗುವುದು. 56 ಓಮಿನಲ್ಲಿ 59 ಮಿಲ್ಲಿ ಆಂಪಿಯರ್ ಹರಿಯುವುದು. ರೋಧಕವು ನೂರಕ್ಕೆ 5ರಷ್ಟು ಹೆಚ್ಚಾಗಿದ್ದು, 5 ವೋಲ್ಟು 4.75ಕ್ಕೆ ಇಳಿದರೂ 52 ಮಿಲ್ಲಿ ಆಂಪಿಯರ್ ಉಳಿಯುವುದು.

ಐದನೆಯದಾಗಿ, ರೋಧಕವು ಬಿಸಿಯನ್ನು ತಾಳುವುದೇ ಎಂದು ನೋಡಬೇಕು. ಇಲ್ಲಿ ಕಠಿಣವಾದ ಸಂದರ್ಭವು ತಿರುಗಿ ಬೀಳುವುದು. ಗೇಟಿನ ವೋಲ್ಟೇಜು 1.5ರ ಬದಲು 0.7 ಇದ್ದರೆ ಪ್ರವಾಹವು 73 ಮಿಲ್ಲಿ ಆಂಪಿಯರಿಗೆ ಏರಿ, ರೋಧಕದಲ್ಲಿ 0.3 ವಾಟಿನಷ್ಟು ಉಷ್ಣವು ಹುಟ್ಟುವುದು. ಕಾಲು ವಾಟಿನದು ಸಾಲದು. ಅರ್ಧ ವಾಟಿನದು ಬೇಕು.

ಪ್ರವಾಹ ಎಷ್ಟೆಂದು ತಿಳಿದರೆ ಸಾಲದು; ಎಷ್ಟು ಹೊತ್ತು ಎಂಬುದೂ ತಿಳಿಯಬೇಕು. ದೊಡ್ಡ ಪ್ರವಾಹವು ಲ್ಯಾಚಿಂಗ್ ಪ್ರವಾಹ ಎಂಬ ಒಂದು ಮಟ್ಟವನ್ನು ಮುಟ್ಟುವ ತನಕ ಗೇಟನ್ನು ಬಿಡಬಾರದು. ಬಿ.ಟಿ. 136ಕ್ಕೆ ಎರಡನೆಯ ಸ್ಥಿತಿಯಲ್ಲಿ ಅದರ ಪರಮಾವಧಿ 30 ಮಿಲ್ಲಿ ಆಂಪಿಯರ್. ಮನೆಯ 230 ವೋಲ್ಟಿನಲ್ಲಿ 40 ವಾಟಿನ ತಂತುದೀಪವನ್ನು ತೆಗೆದುಕೊಳ್ಳಿರಿ. ಅದರ ಪ್ರವಾಹದ ಶಿಖರವು 246 ಮಿಲ್ಲಿ ಆಂಪಿಯರ್. ಸೊನ್ನೆಯಿಂದ ಹೊರಟು 30ನ್ನು ಮುಟ್ಟಲು 7 ಡಿಗ್ರಿ, ಎಂದರೆ 0.39 ಮಿಲ್ಲಿ ಸೆಕೆಂಡು ಹಿಡಿಯುವುದು. ಸೊನ್ನೆಯಲ್ಲಿ ಆರಂಭಿಸಿ 1 ಮಿಲ್ಲಿ ಸೆಕೆಂಡಿನ ತನಕ ಗೇಟಿನ ಪ್ರವಾಹವನ್ನು ನಡೆಸಿದರೆ ಚಿಂತೆಯಿಲ್ಲ. ಆದರೆ 5 ವಾಟಿನ ತಂತುದೀಪದಲ್ಲಿ ಶಿಖರವೇ 31 ಮಿಲ್ಲಿ ಆಂಪಿಯರ್. ಅಲ್ಲಿ ಗೇಟನ್ನು ಬೇಗ ಬಿಟ್ಟರೆ ಟ್ರಯಾಕ್ ಮುಚ್ಚಿಹೋಗಿ ದೀಪವು ಕಣ್ಣು ಮಿಟುಕಿಸುವುದು. ಚಿಕ್ಕ ಹೊರೆಯೇ ಕೆಲವೊಮ್ಮೆ ಹೆಚ್ಚಿನ ತೊಂದರೆ ಕೊಡುವುದೆಂಬುದನ್ನು ಗಮನಿಸಿರಿ.

ಈಗ ಒಂದು ಎಚ್ಚರಿಕೆ. ಮೇಲಿನ ಜೋಡಣೆಯನ್ನು 230 ವೋಲ್ಟಿಗೆ ಸೇರಿಸಿದರೆ 5 ವೋಲ್ಟಿನ ಭಾಗವೂ ಪ್ರಾಣಾಪಾಯಕರವಾಗುವುದು, ಅದನ್ನು ಮುಟ್ಟಲಾಗದು. ಆದುದರಿಂದ ಮನೆಯ ವಿದ್ಯುತ್ತಿಗೆ ಎಂ.ಒ.ಸಿ. 3021 ಮುಂತಾದ ಸಾಧನಗಳನ್ನು ನಡುವೆ ಇಡುವರು. ಅವುಗಳಲ್ಲಿ ಎರಡು ಕಡೆಗಳಿಗೂ ತಂತಿಯ ಸಂಬಂಧವಿಲ್ಲ; ಬೆಳಕಿನ ಮೂಲಕವೇ ಅಪ್ಪಣೆಯು ದಾಟುವುದು. ಗೇಟಿನ ಪ್ರವಾಹವನ್ನು ಎಂ.ಟಿ. 2ರ ಕಡೆಯಿಂದಲೇ ತೆಗೆದುಕೊಳ್ಳುವುದರಿಂದ ಒಂದನೆಯ ಮತ್ತು ಮೂರನೆಯ ಸ್ಥಿತಿಗಳು ಮಾತ್ರ ಬರುವುವು. ಆ ಸಾಧನವು ಕ್ಷಣಮಾತ್ರ ತಾಳಬಲ್ಲ ಪ್ರವಾಹವು 1 ಆಂಪಿಯರ್. 230 ವೋಲ್ಟಿನ ಶಿಖರವು 325 ವೋಲ್ಟು. ಆದುದರಿಂದ ರೋಧವು 325 ಓಮಿಗೆ ಕಡಿಮೆಯಿರಬಾರದು. 360 ಓಮನ್ನು ಇಡೋಣ. ಇಲ್ಲಿ ನಾವು ಆರಿಸಿದ್ದು ಅತಿ ಕಡಿಮೆ ರೋಧವಲ್ಲ, ಮಿತಿಗಿಂತ ಹೆಚ್ಚಾದುದು. ಈಗ ಕಾಪಾಡಬೇಕಾದದ್ದು ನಡುವಣ ಸಾಧನವನ್ನು. ಅದರಿಂದ ಟ್ರಯಾಕ್ ತೆರೆಯುವುದು ತಡವಾಗುವುದೆ? 35 ಮಿಲ್ಲಿ ಆಂಪಿಯರಿಗೆ ರೋಧಕದಲ್ಲಿ 12.6, ಗೇಟಿನಲ್ಲಿ 1.5, ನಡುವಣ ಸಾಧನದಲ್ಲಿ 3, ಒಟ್ಟು 17.1 ವೋಲ್ಟು. ಸೊನ್ನೆಯಿಂದ ಅಷ್ಟಕ್ಕೆ ಏರಲು 0.17 ಮಿಲ್ಲಿ ಸೆಕೆಂಡು ಸಾಕು. ದೀಪವು ಅದನ್ನು ಅರಿಯದು. ಇಂತಹ ಪ್ರಯೋಗವನ್ನು ತಿಳಿದವರ ಎದುರಿನಲ್ಲಿಯೇ ಹೊರತು ಒಬ್ಬರೇ ಮಾಡಕೂಡದು.

ಪ್ರದರ್ಶನಕ್ಕೆ ಮುಂಚಿನ ದಿನ ಹುಡುಗಿಯರು ಫಲಕವನ್ನು ಬಿಚ್ಚಿ, ಎಂ.ಟಿ. 1ರ ತಂತಿಗಳನ್ನು ಬದಲಿಸಿ, 56 ಓಮಿನ ಐದು ರೋಧಕಗಳನ್ನು ಬೆಸೆದರು. ಕೆಟ್ಟವೆಂದು ತೆಗೆದಿಟ್ಟಿದ್ದ ಆ ಮೂರು ಟ್ರಯಾಕುಗಳನ್ನೇ ಮತ್ತೆ ಹಾಕಿದರು. ಐದು ದೀಪಗಳೂ ಒಂದೇ ಸಮನಾಗಿ ಹೊತ್ತಿದವು, ಟ್ರಾನ್ಸ್‌ಫಾರ್ಮರ್ ಸುಮ್ಮನಾಯಿತು.

ಪ್ರಿಯ ವಿದ್ಯಾರ್ಥಿನಿಯರೇ, ಸುಲಭವಾದ ಸಾಲನ್ನು ಓದಿ ನಾಲ್ಕು ಪಾಲು ಹೆಚ್ಚು ಹಾಕಿದೆವೆಂದು ಸಮಾಧಾನಪಡಬೇಡಿರಿ. ಅತಿ ಕಠಿಣವಾದ ಸಾಲು ಯಾವುದೆಂದು ಮೊದಲು ಹುಡುಕಿರಿ. ಸಾಧ್ಯವಾದರೆ ಅದನ್ನು ತಪ್ಪಿಸಿರಿ, ತಪ್ಪದಿದ್ದರೆ ಅದಕ್ಕೆ ಸಾಕಾಗುವಷ್ಟು ಕೊಡಿರಿ. ಹಾಗೂ ಯಾವುದನ್ನಾದರೂ ಕೆಟ್ಟದ್ದೆಂದು ತೆಗೆದಿಡುವ ಮುನ್ನ, ಅದಕ್ಕೆ ಬೇಕಾದುದನ್ನು ನಾವು ಕೊಟ್ಟಿದ್ದೆವೋ ಎಂದು ಒಮ್ಮೆ ಲೆಕ್ಕ ನೋಡಿರಿ.